ಟ್ರಿಗರ್ ಮುಟ್ಟಲೇ ಇಲ್ಲ, ಐದು ಗುಂಡು ಹೋಯಿತು

ಹಳೇ ಮಿಲಿಟರಿ ಕೋವಿ ಕೊಂಡು, ಅದಕ್ಕೆ ನಮ್ಮಿಷ್ಟದ ಸಾಮಾನು ಜೋಡಿಸಬೇಕು ಅಂತ ಆಸೆ ಇರುವವರು ಇದನ್ನು ಓದಿ. ಮುಖ್ಯವಾಗಿ ಅಮೆರಿಕದಲ್ಲಿರುವ ನಮ್ಮವರು. ನನ್ನ ಕೈಯಿಂದ ಯಾರಿಗೂ ಏನೂ ಆಗಲಿಲ್ಲ. ಆದರೆ ಅದು ನನ್ನ ಜಾಣತನದಿಂದ ಅಲ್ಲ.

ಡಲ್ಲಾಸ್‌ನಿಂದ ಒಂದು ಗಂಟೆ ದೂರದ ಶೂಟಿಂಗ್ ರೇಂಜು. ಶನಿವಾರ ಬೆಳಿಗ್ಗೆ. ಕೋವಿ ಕೊಂಡು ಎರಡು ತಿಂಗಳಾಗಿತ್ತು, ಮೊದಲ ಸಲ ಹೊಡೆಯಲು ತಂದಿದ್ದೆ. ಹೊಸದಾಗಿ ಕೊಂಡ ಮ್ಯಾಗಝೀನಿಗೆ, ಅಂದರೆ ತೋಟಾ ತುಂಬುವ ಡಬ್ಬಿಗೆ, ಐದು ತೋಟಾ ತುಂಬಿ ಸಿಕ್ಕಿಸಿದೆ. ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಅನ್ನು ಹಿಂದಕ್ಕೆ ಎಳೆದು ಬಿಟ್ಟೆ. ಅಷ್ಟೇ ನಾನು ಮಾಡಿದ್ದು. ಬೆರಳು ಟ್ರಿಗರ್ ಹತ್ತಿರ ಕೂಡ ಇರಲಿಲ್ಲ. ಬೋಲ್ಟ್ ಮುಂದಕ್ಕೆ ಹೋಗಿ ಬಡಿದ ಕ್ಷಣಕ್ಕೆ ಕೋವಿ ತಾನಾಗಿ ಹಾರಿತು. ಅಲ್ಲಿಗೆ ನಿಲ್ಲಲೂ ಇಲ್ಲ. ದೀಪಾವಳಿ ಸರಪಟಾಕಿ ಹಾಗೆ ಐದೂ ಹೋಯಿತು. ಎಷ್ಟು ಹೊತ್ತು? ಒಂದು ಸೆಕೆಂಡೂ ಇಲ್ಲ. ಪ್ರತಿ ಏಟಿಗೂ ನಳಿಗೆ ಮೇಲಕ್ಕೇಳುತ್ತಿತ್ತು. ಮೊದಲ ಮೂರು ಗುಂಡು ಎದುರಿನ ಮಣ್ಣಿನ ದಿಬ್ಬಕ್ಕೆ ಹೋದವು. ಕೊನೆಯ ಎರಡು ಮೇಲಿನ ಮರದ ತೊಲೆಯಲ್ಲಿ ತೂತು ಮಾಡಿದವು.

ಪಕ್ಕದ ಮೇಜಿನಲ್ಲಿ ಒಬ್ಬ ಅಪ್ಪ, ಹನ್ನೆರಡು ವರ್ಷದ ಮಗನಿಗೆ ಹೇಳಿಕೊಡುತ್ತಾ ಕೂತಿದ್ದ. ಆ ಹುಡುಗ ಕಿವಿಗೆ ಹಾಕಿದ್ದ ಮಫ್ ಹಿಡಿದುಕೊಂಡು ನನ್ನ ಕಡೆ ನೋಡಿದ ರೀತಿ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ರೇಂಜಿನವನು ಓಡಿ ಬಂದ. ಅವನು ಮೊದಲು ಕೇಳಿದ್ದು, ಇದನ್ನು ಮಷೀನ್ ಗನ್ ಮಾಡಿದ್ದೀಯಾ ಅಂತ. ನನಗೆ ಬಾಯಿಂದ ಮಾತೇ ಹೊರಡಲಿಲ್ಲ.

ಹಿನ್ನೆಲೆ ಹೇಳುತ್ತೇನೆ. ನಾನು ತೀರ್ಥಹಳ್ಳಿ ಕಡೆಯವನು. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇದ್ದ ಅಪ್ಪಯ್ಯನ ಜೋಡುನಳಿಗೆ ಕೋವಿ ಅಟ್ಟದ ಪಕ್ಕದ ಕೋಣೆಯಲ್ಲಿ ಇರುತ್ತಿತ್ತು. ಚುನಾವಣೆ ಬಂದಾಗಲೆಲ್ಲ ಅದನ್ನು ಪೊಲೀಸ್ ಠಾಣೆಗೆ ಕೊಟ್ಟು ರಸೀದಿ ತರಬೇಕು. ಆ ಹೊತ್ತಿಗೆ ಸರಿಯಾಗಿ ಹಂದಿ ಗದ್ದೆಗೆ ಇಳಿಯುತ್ತದೆ, ಅದು ಬೇರೆ ಕಥೆ. ನಮಗೆ ಮುಟ್ಟಲು ಬಿಡುತ್ತಿರಲಿಲ್ಲ. ಮಿಲಿಟರಿ ರೈಫಲಂತೂ ಊರಲ್ಲಿ ಕನಸಿನ ಮಾತು. .303 ಆಗಲಿ 7.62 ಆಗಲಿ ನಮ್ಮ ದೇಶದಲ್ಲಿ ಸಾಮಾನ್ಯ ಜನರಿಗೆ ನಿಷೇಧಿತ ಬೋರು, ಅಂದರೆ ಆ ಅಳತೆಯ ಕೋವಿ ಇಟ್ಟುಕೊಳ್ಳುವ ಹಾಗಿಲ್ಲ. ಹಾಗಾಗಿ ಇಲ್ಲಿಗೆ ಬಂದು, ಸಿಟಿಜನ್ ಆಗಿ, ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಹಳೇ ರೈಫಲ್‌ಗಳನ್ನು ನೋಡಿದಾಗ ತಡೆಯಲಾಗಲಿಲ್ಲ.

ನಾನು ಕೊಂಡದ್ದು ಎಸ್‌ಕೆಎಸ್. 1945ರಲ್ಲಿ ಸೋವಿಯತ್ ರಷ್ಯಾದ ಸಿಮೊನೊವ್ ಎಂಬುವರು ಮಾಡಿದ ವಿನ್ಯಾಸ. ಮೂಲದಲ್ಲಿ ಹತ್ತು ಗುಂಡಿನ ಮ್ಯಾಗಝೀನು ಕೋವಿಗೇ ಅಂಟಿಕೊಂಡಿರುತ್ತದೆ. ಎಕೆ-47 ಬಂದ ಮೇಲೆ ಇದು ಹಿಂದೆ ಬಿತ್ತು. ಆದರೆ ಚೀನಾ, ಯುಗೊಸ್ಲಾವಿಯಾ ಎಲ್ಲ ಕಡೆ ಲಕ್ಷಗಟ್ಟಲೆ ತಯಾರಾಯಿತು. ನನ್ನದು ಯುಗೊಸ್ಲಾವಿಯಾದ್ದು, ಝಸ್ತಾವಾ ಕಾರ್ಖಾನೆಯ ಎಂ59/66. ಮೂತಿಯಲ್ಲಿ ಗ್ರೆನೇಡ್ ಹಾರಿಸುವ ಕೊಳವೆ, ಕೆಳಗೆ ಮಡಚುವ ಬಯೋನೆಟ್. ಇಪ್ಪತ್ತು ವರ್ಷದ ಹಿಂದೆ ಇವು ಇನ್ನೂರು ಡಾಲರ್ ಒಳಗೇ ಸಿಗುತ್ತಿದ್ದವು. ನಾನು 475 ಕೊಟ್ಟೆ.

ಈಗ ತಪ್ಪಿನ ವಿಷಯ. ಈ ಕೋವಿಗಳನ್ನು ಗೋದಾಮಿನಲ್ಲಿ ಹಾಕುವಾಗ ತುಕ್ಕು ಹಿಡಿಯದಿರಲಿ ಅಂತ ಕಾಸ್ಮೊಲಿನ್ ಎಂಬ ಗ್ರೀಸು ಬಳಿದಿರುತ್ತಾರೆ. ಬಳಿಯುವುದು ಅಂದರೆ ಒಳಗೂ ಹೊರಗೂ ಮುಳುಗಿಸಿದ ಹಾಗೆ. ವರ್ಷಗಟ್ಟಲೆ ಕೂತು ಅದು ಗಟ್ಟಿಯಾಗುತ್ತದೆ. ಬಣ್ಣ, ಅಂಟು, ಎಲ್ಲ ಹಳೇ ಜೋನಿಬೆಲ್ಲದ ಹಾಗೆ. ನಾನು ಹೊರಗಡೆ ಕಂಡದ್ದನ್ನೆಲ್ಲ ಬಟ್ಟೆಯಲ್ಲಿ ಒರೆಸಿದೆ. ನಳಿಗೆಯೊಳಗೆ ಬ್ರಷ್ ಆಡಿಸಿದೆ. ಬೋಲ್ಟ್ ಹೊಳೆಯುತ್ತಿತ್ತು, ಹಾಗಾಗಿ ಕ್ಲೀನ್ ಆಯಿತು ಅಂದುಕೊಂಡೆ. ಅದನ್ನು ಬಿಚ್ಚಲಿಲ್ಲ.

ರೇಂಜಿನಿಂದ ನೇರ ಕೋವಿ ರಿಪೇರಿ ಮಾಡುವ ಒಬ್ಬ ಗನ್‌ಸ್ಮಿತ್ ಹತ್ತಿರ ಹೋದೆ. ಎಪ್ಪತ್ತು ದಾಟಿದ ಮುದುಕ. ಅವನು ಬೋಲ್ಟ್ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಸದ್ದಿಲ್ಲ. ನನ್ನ ಕೈಗೆ ಕೊಟ್ಟು ಅಲ್ಲಾಡಿಸು ಅಂದ. ಸದ್ದಿಲ್ಲ. ಆಮೇಲೆ ತನ್ನ ಕಪಾಟಿನಿಂದ ಇನ್ನೊಂದು ಎಸ್‌ಕೆಎಸ್ ಬೋಲ್ಟ್ ತಂದು ಅಲ್ಲಾಡಿಸಿದ. ಮಗುವಿನ ಗಿಲಕಿ ಹಾಗೆ ಟಕಟಕ ಅಂದಿತು. ಆ ಸದ್ದು ಫೈರಿಂಗ್ ಪಿನ್‌ದು, ಅಂದರೆ ತೋಟಾದ ಹಿಂಬದಿಗೆ ಬಡಿದು ಅದನ್ನು ಸಿಡಿಸುವ ಸಣ್ಣ ಕಡ್ಡಿಯದು. ಎಸ್‌ಕೆಎಸ್‌ಗಳಲ್ಲಿ, ಮೊದಮೊದಲ ರಷ್ಯನ್ ಕೋವಿಗಳನ್ನು ಬಿಟ್ಟರೆ, ಫೈರಿಂಗ್ ಪಿನ್ ಹಿಂದಕ್ಕೆ ತಳ್ಳುವ ಸ್ಪ್ರಿಂಗ್ ಇಲ್ಲ. ಪಿನ್ ಬೋಲ್ಟಿನ ಒಳಗೆ ಸಲೀಸಾಗಿ ಹಿಂದೆ ಮುಂದೆ ಓಡಾಡುತ್ತಿರಬೇಕು. ನನ್ನದರಲ್ಲಿ ಮುಂದಕ್ಕೆ ಹೋದ ಪಿನ್ನನ್ನು ಗಟ್ಟಿ ಗ್ರೀಸು ಅಲ್ಲೇ ಕಚ್ಚಿಸಿಬಿಟ್ಟಿತ್ತು. ಪಿನ್ ತುದಿ ಬೋಲ್ಟಿನ ಮುಖದಿಂದ ಹೊರಗೆ ಚಾಚಿಕೊಂಡೇ ಇತ್ತು. ಬೋಲ್ಟ್ ಮುಂದೆ ಬಂದಾಗಲೆಲ್ಲ ಅದು ನೇರ ತೋಟಾದ ಕೇಪಿಗೆ, ಅಂದರೆ ಬಡಿದರೆ ಕಿಡಿ ಹೊತ್ತುವ ಹಿಂಬದಿಯ ಸಣ್ಣ ಬಿಲ್ಲೆಗೆ, ಚುಚ್ಚುತ್ತದೆ. ಢಂ. ಬೋಲ್ಟ್ ಹಿಂದೆ ಹೋಗಿ ಇನ್ನೊಂದು ತೋಟಾ ತರುತ್ತದೆ. ಮತ್ತೆ ಢಂ. ಮ್ಯಾಗಝೀನು ಖಾಲಿಯಾಗುವ ತನಕ ನಿಲ್ಲುವುದಿಲ್ಲ. ಇದಕ್ಕೆ ಇವರು ಸ್ಲ್ಯಾಮ್ ಫೈರ್ ಅನ್ನುತ್ತಾರೆ.

ಮುದುಕ ಪಿನ್ ಹೊರಗೆ ತೆಗೆದು, ಆ ತೂತಿನೊಳಗಿಂದ ಹಲ್ಲುಕಡ್ಡಿಯಲ್ಲಿ ಕಂದು ಬಣ್ಣದ ಮುದ್ದೆ ಕೆರೆದು ಪೇಪರಿನ ಮೇಲಿಟ್ಟ. ಕಡ್ಲೆಕಾಳಿನಷ್ಟು. ಅಷ್ಟೇ ಅಷ್ಟು.

ಅವನು ಇನ್ನೊಂದು ಮಾತು ಹೇಳಿದ. ಮಿಲಿಟರಿ ತೋಟಾಗಳ ಕೇಪು ಸ್ವಲ್ಪ ಗಟ್ಟಿ ಇರುತ್ತದೆ. ಅಂಗಡಿಯಲ್ಲಿ ಸಿಗುವ ಬೇಟೆಯ ತೋಟಾಗಳ ಕೇಪು ಮೆದು. ನಾನು ಅವತ್ತು ತುಂಬಿದ್ದು ಬೇಟೆಯದ್ದೇ. ಜೊತೆಗೆ, ಬೋಲ್ಟ್ ಪೂರ್ತಿ ಲಾಕ್ ಆಗುವ ಮೊದಲೇ ತೋಟಾ ಸಿಡಿದರೆ ಅದರ ಹಿತ್ತಾಳೆ ಕೋಶ ಒಡೆದು ಬಿಸಿ ಗಾಳಿಯೂ ಚೂರೂ ಹೊಡೆಯುವವನ ಮುಖಕ್ಕೇ ಬರುತ್ತದಂತೆ. ನನ್ನ ಕನ್ನಡಕ ಕಡೆ ಬೊಟ್ಟು ಮಾಡಿ ನಕ್ಕ. ನನಗೆ ನಗು ಬರಲಿಲ್ಲ.

ಆದ್ದರಿಂದ ಹಳೇ ಎಸ್‌ಕೆಎಸ್ ತಂದರೆ, ಹೊಡೆಯುವ ಮಾತು ಬಿಡಿ, ಮೊದಲು ಬೋಲ್ಟ್ ಪೂರ್ತಿ ಬಿಚ್ಚಿ. ಬಿಚ್ಚಲು ಬರದಿದ್ದರೆ ಬರುವವರ ಹತ್ತಿರ ಹೋಗಿ, ಐವತ್ತು ಡಾಲರ್ ಹೋದರೆ ಹೋಗಲಿ. ಮಿನರಲ್ ಸ್ಪಿರಿಟ್‌ನಲ್ಲಿ (ಪೇಂಟ್ ತೆಳು ಮಾಡುವ ದ್ರಾವಕ) ನೆನೆಸಿ ತೊಳೆಯಿರಿ. ಅಲ್ಲಾಡಿಸಿ ಟಕಟಕ ಕೇಳಿಸಬೇಕು. ಪ್ರತಿ ಸಲ ರೇಂಜಿಗೆ ಹೋಗುವ ಮೊದಲೂ ಅಲ್ಲಾಡಿಸಿ. ಮೊದಲ ದಿನ ಮ್ಯಾಗಝೀನಿಗೆ ಒಂದು ತೋಟಾ ಹಾಕಿ, ಆಮೇಲೆ ಎರಡು. ಐದು ತುಂಬುವ ಆತುರ ಬೇಡ. ಬೋಲ್ಟ್ ಬಿಡುವಾಗ ನಳಿಗೆ ದಿಬ್ಬದ ಕಡೆಗೇ ಇರಲಿ. ನನ್ನ ನಳಿಗೆ ಅವತ್ತು ಆ ಕಡೆ ಇತ್ತು, ಅದೊಂದೇ ನಾನು ಸರಿಯಾಗಿ ಮಾಡಿದ ಕೆಲಸ.

ಈ ಎರಡು ತಿಂಗಳು ನಾನು ಏನು ಮಾಡುತ್ತಿದ್ದೆ ಅಂತ ನೀವು ಕೇಳಬಹುದು. ಶೃಂಗಾರ ಮಾಡುತ್ತಿದ್ದೆ! ಕರೀ ಪ್ಲಾಸ್ಟಿಕ್ ಸ್ಟಾಕು (ಭುಜಕ್ಕೆ ಒತ್ತಿ ಹಿಡಿಯುವ ಕೋವಿಯ ಭಾಗ), ಮೂವತ್ತು ಗುಂಡಿನ ಮ್ಯಾಗಝೀನು, ದುರ್ಬೀನು. ಒಟ್ಟು ಮುನ್ನೂರು ಡಾಲರ್ ಮೇಲಾಯಿತು. ದುರ್ಬೀನಿನ ಮೌಂಟು ಕೋವಿಯ ಮೇಲಿನ ತಗಡಿನ ಮುಚ್ಚಳಕ್ಕೆ ಕೂರುತ್ತದೆ. ಆ ಮುಚ್ಚಳ ಪ್ರತಿ ಏಟಿಗೂ ಅಲ್ಲಾಡುತ್ತದೆ. ಹಾಗಾಗಿ ಗುರಿ ಒಂದೊಂದು ಸಲ ಒಂದೊಂದು ಕಡೆ. ದುಡ್ಡು ದಂಡ. ಮ್ಯಾಗಝೀನೂ ಅಷ್ಟೇ, ಮೂರು ಸಲಕ್ಕೊಮ್ಮೆ ತೋಟಾ ಸಿಕ್ಕಿಹಾಕಿಕೊಳ್ಳುತ್ತದೆ.

ಹೊಟ್ಟೆ ಉರಿಯುವುದು ಮಾತ್ರ ಮರದ ಸ್ಟಾಕಿನ ವಿಷಯಕ್ಕೆ. ಪ್ಲಾಸ್ಟಿಕ್ ಹಾಕುವ ಮೊದಲು, ಮರದ್ದನ್ನೂ ಚೆಂದ ಮಾಡಿ ಇಡೋಣ ಅಂತ ಮರಳು ಕಾಗದ ಹಿಡಿದು ಕೂತಿದ್ದೆ. ಎಡಗಡೆ ಒಂದಿಷ್ಟು ಅಂಕಿ ಒತ್ತಿತ್ತು. ಅದರ ಕೆಳಗೆ ಯಾರೋ ಚಾಕುವಿನಲ್ಲಿ ಮೂರು ಅಕ್ಷರ ಕೆತ್ತಿದ್ದರು, ರಷ್ಯನ್ ಲಿಪಿ ತರಹದ್ದು. ಯಾವ ಹಳ್ಳಿಯ ಹುಡುಗನೋ, ಯಾವ ಚಳಿಯಲ್ಲಿ ಕಾವಲು ಕೂತು ಕೆತ್ತಿದನೋ. ನನಗೆ ಅವತ್ತು ಅದು ಬರೀ ಗೀರು. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಉಜ್ಜಲು ಕೂತವನು ಕಾಫಿ ಹೊತ್ತಿಗೆ ಎಲ್ಲ ನುಣ್ಣಗೆ ಮಾಡಿ ಎದ್ದೆ. ಯುಗೊಸ್ಲಾವ್ ಕೋವಿಗಳಲ್ಲಿ ಲೋಹದ ಮೇಲಿನ ನಂಬರನ್ನೇ ಮರದ ಮೇಲೂ ಒತ್ತಿರುತ್ತಾರೆ. ಎರಡೂ ಒಂದೇ ಇದ್ದರೆ ಸಂಗ್ರಹಕಾರರು ಜಾಸ್ತಿ ಬೆಲೆ ಕೊಡುತ್ತಾರೆ. ಇದು ನನಗೆ ಗೊತ್ತಾದದ್ದು ಉಜ್ಜಿ ಮುಗಿಸಿದ ಮೇಲೆ, ಅಲ್ವಾ. ಪುಣ್ಯಕ್ಕೆ ಲೋಹದ ಮೇಲಿನ ನಂಬರು ಮುಟ್ಟಿರಲಿಲ್ಲ. ಅದನ್ನು ಅಳಿಸಿದರೆ ನಷ್ಟವಲ್ಲ, ಜೈಲು.

ಜೈಲು ಅಂದೆನಲ್ಲ, ಅದಕ್ಕೂ ಹತ್ತಿರ ಹೋಗಿದ್ದೆ. ಕನ್ನಡ ಸಂಘದಲ್ಲಿ ಪರಿಚಯವಾದ ಒಬ್ಬ ಹಿರಿಯರಿಗೆ ಈ ಹವ್ಯಾಸ ಮೊದಲಿಂದ ಇದೆ. ನನ್ನ ಫೋಟೋ ನೋಡಿದವರೇ ಫೋನ್ ಮಾಡಿದರು. "ಏನಪ್ಪಾ, ಇದರಲ್ಲಿ ಅಮೆರಿಕದಲ್ಲಿ ಮಾಡಿದ ಭಾಗ ಎಷ್ಟಿದೆ, ಲೆಕ್ಕ ಹಾಕಿದ್ದೀಯಾ?" ನನಗೆ ಪ್ರಶ್ನೆಯೇ ಅರ್ಥ ಆಗಲಿಲ್ಲ. 1990ರಲ್ಲಿ ಬಂದ ಒಂದು ಫೆಡರಲ್ ಕಾನೂನಿದೆ. ಹೊರದೇಶದ ಕೋವಿ ಹಳೇ ಸಂಗ್ರಹದ ವಸ್ತು ಎಂಬ ಲೆಕ್ಕದಲ್ಲಿ, ಇದ್ದ ರೂಪದಲ್ಲೇ ಇದ್ದರೆ ತೊಂದರೆ ಇಲ್ಲ. ಅದಕ್ಕೆ ಬಿಚ್ಚಿ ಹಾಕುವ ದೊಡ್ಡ ಮ್ಯಾಗಝೀನು, ಪಿಸ್ತೂಲು ಹಿಡಿ ಇತ್ಯಾದಿ ಸೇರಿಸಿದರೆ ಆ ರಕ್ಷಣೆ ಹೋಗುತ್ತದೆ. ಆಗ ಇಪ್ಪತ್ತು ಭಾಗಗಳ ಒಂದು ಪಟ್ಟಿ ಹಿಡಿದು ಎಣಿಸುತ್ತಾರೆ. ಅದರಲ್ಲಿ ಹೊರದೇಶದ್ದು ಹತ್ತಕ್ಕಿಂತ ಜಾಸ್ತಿ ಇರಕೂಡದು. ಸಾಮಾನು ಮಾರುವ ಅಂಗಡಿ ಇದನ್ನೆಲ್ಲ ಹೇಳಲಿಲ್ಲ, ನಾನೂ ಕೇಳಲಿಲ್ಲ. ಇದರ ಮೇಲೆ ರಾಜ್ಯಕ್ಕೊಂದು ಕಾನೂನು ಬೇರೆ. ಕ್ಯಾಲಿಫೋರ್ನಿಯಾದಲ್ಲಿ ಬಿಚ್ಚಿ ಹಾಕುವ ಮ್ಯಾಗಝೀನಿನ ಎಸ್‌ಕೆಎಸ್ ಅನ್ನು ಹೆಸರು ಹಿಡಿದೇ ನಿಷೇಧಿಸಿದ್ದಾರೆ. ಟೆಕ್ಸಸ್‌ನಿಂದ ಅಲ್ಲಿಗೆ ಮನೆ ಬದಲಿಸುವವರು ನೆನಪಿಟ್ಟುಕೊಳ್ಳಿ.

ಅದಕ್ಕಿಂತ ಮುಖ್ಯ: ಎಚ್-1ಬಿ, ಎಫ್-1 ವೀಸಾದಲ್ಲಿ ಇರುವವರು. ನಿಮಗೆ ಕೋವಿಯೂ ಇಲ್ಲ, ತೋಟಾವೂ ಇಲ್ಲ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಬಿಟ್ಟರೆ, ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. 2022ರಿಂದ ಶಿಕ್ಷೆ ಹದಿನೈದು ವರ್ಷದವರೆಗೆ. "ಕೊಳ್ಳಲ್ಲ, ರೇಂಜಲ್ಲಿ ಬಾಡಿಗೆಗೆ ತಗೊಂಡು ಸುಮ್ನೆ ನಾಲ್ಕು ಗುಂಡು ಹೊಡೀತೀನಿ" ಅನ್ನುವವರು ಬಹಳ ಜನ. ಕೈಯಲ್ಲಿ ಹಿಡಿದರೂ ಅದು ಇಟ್ಟುಕೊಂಡ ಲೆಕ್ಕವೇ. ನನ್ನ ಆಫೀಸಿನ ಒಬ್ಬ ಹುಡುಗ ಅವತ್ತು ರೇಂಜಿಗೆ ಬರುತ್ತೇನೆ ಅಂದಿದ್ದ. ಜ್ವರ ಬಂದು ಉಳಿದ. ಬಂದಿದ್ದರೆ ಆ ಕೋವಿ ಅವನ ಕೈಗೂ ಕೊಡುತ್ತಿದ್ದೆ, ಖಂಡಿತ. ಗ್ರೀನ್ ಕಾರ್ಡ್ ಇರುವವರು ಕೊಳ್ಳಬಹುದು. ಆದರೆ ಕೋವಿಯ ಕೇಸಲ್ಲಿ ಶಿಕ್ಷೆಯಾದರೆ ದೇಶ ಬಿಡಿಸಬಹುದು.

ತುಕ್ಕಿನ ವಿಷಯ ಬೇಗ ಮುಗಿಸುತ್ತೇನೆ. ಪಿನ್ ಸರಿಯಾದ ಮೇಲೆ ಹಳೇ ಯುಗೊಸ್ಲಾವ್ ತೋಟಾ ತಂದು ಹೊಡೆದೆ. ಅಗ್ಗ ಅಂತ. ಆ ಕೇಪಿನ ಮದ್ದು ಉರಿದರೆ ನಳಿಗೆಯಲ್ಲಿ ಉಳಿಯುವುದು ಒಂದು ಬಗೆಯ ಉಪ್ಪು. ಮಳೆಗಾಲದಲ್ಲಿ ಮಲೆನಾಡಿನ ಅಡಿಗೆಮನೆಯ ಉಪ್ಪಿನ ಭರಣಿ ನೀರಾಡುವುದು ನೋಡಿದ್ದೀರಲ್ಲ, ಅದೇ ಕೆಲಸ ನಳಿಗೆಯೊಳಗೆ. ಎಣ್ಣೆ ಹಾಕಿದರೆ ಉಪ್ಪು ಕರಗುವುದಿಲ್ಲ, ಬಿಸಿನೀರೇ ಬೇಕು. ಹೊಡೆದ ದಿನವೇ ನಳಿಗೆ, ಗ್ಯಾಸ್ ಕೊಳವೆ, ಪಿಸ್ಟನ್ ಎಲ್ಲ ಬಿಸಿನೀರಲ್ಲಿ ತೊಳೆದು, ಒಣಗಿಸಿ, ಆಮೇಲೆ ಎಣ್ಣೆ. ಯುಗೊಸ್ಲಾವ್ ನಳಿಗೆಗೆ ಒಳಗೆ ಕ್ರೋಮ್ ಲೇಪ ಬೇರೆ ಇಲ್ಲ. ನಾನು ಎಣ್ಣೆ ಮಾತ್ರ ಹಾಕಿಟ್ಟೆ. ಮೂರು ವಾರಕ್ಕೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಇಟ್ಟಿಗೆ ಪುಡಿ ಬಣ್ಣ.

ಕೊನೆಗೊಂದು. ಡಿಸೆಂಬರಿನಲ್ಲಿ ಊರಿಗೆ ಹೊರಡುವಾಗ ನನ್ನ ಹೆಂಡತಿ ಬ್ಯಾಗಿನ ಪಕ್ಕದ ಜೇಬಿಗೆ ಚಾರ್ಜರ್ ತುರುಕಲು ಹೋಗಿ ಒಂದು ತೋಟಾ ಹೊರಗೆ ತೆಗೆದಳು. ಅದೇ ಬ್ಯಾಗನ್ನು ರೇಂಜಿಗೆ ಒಯ್ಯುತ್ತಿದ್ದೆ. ಬೆಂಗಳೂರು ಏರ್‌ಪೋರ್ಟಿನಲ್ಲಿ ಅದು ಸಿಕ್ಕಿದ್ದರೆ ಆರ್ಮ್ಸ್ ಆ್ಯಕ್ಟ್ ಕೆಳಗೆ ಕೇಸು. ಗೊತ್ತಿಲ್ಲದೆ ಉಳಿದದ್ದು ಅಂತ ಹೈಕೋರ್ಟುಗಳು ಇಂಥ ಕೇಸು ರದ್ದು ಮಾಡಿದ್ದುಂಟು. ಆದರೆ ಅಲ್ಲಿಯವರೆಗೆ ವಕೀಲರು, ಠಾಣೆ, ತಪ್ಪಿದ ವಿಮಾನ. ಈಗ ರೇಂಜಿಗೆ ಬೇರೆಯೇ ಬ್ಯಾಗು. ಕೆಂಪು ಬಣ್ಣದ್ದು, ಅದನ್ನು ಮನೆಯೊಳಗೆ ತರುವ ಹಾಗಿಲ್ಲ ಅಂತ ಆಜ್ಞೆಯಾಗಿದೆ.

ಊರಲ್ಲಿ ಅಪ್ಪಯ್ಯನಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಅಲ್ಲ ಮಾರಾಯ, ಬೇರೆಯವ್ರು ಇಟ್ಟ ಕೋವಿ ಬಿಚ್ಚಿ ನೋಡ್ದೆ ಈಡು ಹೊಡೀತಾರಾ?" ಅಂದರು. ಆಮೇಲೆ ಆ ಅಕ್ಷರ ಏನಿತ್ತು ಅಂತ ಕೇಳಿದರು. ನಾನು ಫೋಟೋ ಕೂಡ ತೆಗೆದಿರಲಿಲ್ಲ.