ಗೋಡೆ ಕ್ಯಾಲೆಂಡರ್, ಗೂಗಲ್ ಶೀಟ್, ದುಡ್ಡು ಕೊಟ್ಟು ಕೊಳ್ಳುವ ಪ್ಲ್ಯಾನರ್: ನನ್ನ ಪುಡಿ ವ್ಯಾಪಾರಕ್ಕೆ ಒಗ್ಗಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ. ಯಾವ ವಾರ ಏನು ಪೋಸ್ಟ್ ಹಾಕಬೇಕು ಅಂತ ಗುರುತು ಮಾಡಿಕೊಳ್ಳಲು ನನ್ನ ಆಯ್ಕೆ ಅಡುಗೆಮನೆ ಗೋಡೆಯ ಕಾಲನಿರ್ಣಯ ಕ್ಯಾಲೆಂಡರ್ ಮತ್ತು ಎರಡು ಬಣ್ಣದ ಪೆನ್ಸಿಲ್. ಇದು ಗೊತ್ತಾಗುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು, 4,200 ರೂಪಾಯಿಯೂ ಹೋಯಿತು.

ನಾನು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ ಮನೆಯಿಂದಲೇ ಸಾರಿನ ಪುಡಿ, ಹುಳಿ ಪುಡಿ, ಚಟ್ನಿ ಪುಡಿ ಮಾಡಿ ಮಾರುತ್ತೇನೆ. ಕೊಳ್ಳುವವರಲ್ಲಿ ಅರ್ಧ ಜನ ನಮ್ಮವರು, ಅರ್ಧ ಜನ ಮರಾಠಿಯವರು. ಆರ್ಡರ್ ಬರುವುದೆಲ್ಲ ವಾಟ್ಸಾಪ್, ಇನ್‌ಸ್ಟಾಗ್ರಾಂನಿಂದ. ಹುರಿಯುವುದು, ಪುಡಿ ಮಾಡುವುದು ನನಗೆ ಕಷ್ಟವಲ್ಲ. ನಾಳೆ ಏನು ಪೋಸ್ಟ್ ಹಾಕಲಿ ಅಂತ ರಾತ್ರಿ ಹನ್ನೊಂದಕ್ಕೆ ಕೂತು ಯೋಚಿಸುವುದೇ ಕಷ್ಟ. ತಿಂಗಳಿಗೊಂದು, ವಾರಕ್ಕೊಂದು ವಿಷಯ ಮೊದಲೇ ಗೊತ್ತಿದ್ದರೆ ಆ ಪಾಡು ಇರುವುದಿಲ್ಲ.

ಅದಕ್ಕೆಂದೇ ಒಂದು ಪ್ಲ್ಯಾನರ್ ಆ್ಯಪ್‌ಗೆ ವರ್ಷದ ದುಡ್ಡು ಕಟ್ಟಿದೆ. 365 ದಿನಕ್ಕೂ ವಿಷಯ ಸಿದ್ಧವಾಗಿತ್ತು. ಚಿತ್ರದ ಅಚ್ಚುಗಳು ಚೆನ್ನಾಗಿದ್ದವು. ಹೇಳಿದ ಹೊತ್ತಿಗೆ ಪೋಸ್ಟ್ ತಾನೇ ಹೋಗುತ್ತಿತ್ತು. ಡೋನಟ್ ದಿನ, ಪ್ಯಾನ್‌ಕೇಕ್ ದಿನಗಳನ್ನು ಅಳಿಸಿದೆ. ಕೊಳ್ಳುವ ಮೊದಲು ಗಣೇಶ ಚೌತಿ, ದಸರಾ, ದೀಪಾವಳಿ ಸರಿಯಾದ ತಾರೀಕಿಗಿವೆಯಾ ಅಂತ ನೋಡಿದ್ದೆ. ಎಲ್ಲ ಸರಿ ಇತ್ತು. ಹಾಗಾಗಿ ನಂಬಿದೆ.

2025ರ ಜುಲೈ 11ಕ್ಕೆ ಆ್ಯಪ್‌ನಲ್ಲಿ ಶ್ರಾವಣ ಶುರುವಾಯಿತು. ‘ಶ್ರಾವಣಕ್ಕೆ ಈರುಳ್ಳಿ, ಬೆಳ್ಳುಳ್ಳಿ ಇಲ್ಲದ ಚಟ್ನಿ ಪುಡಿ’ ಅಂತ ಪೋಸ್ಟ್ ಹೋಯಿತು. ನಾನು ಹನ್ನೆರಡು ಕಿಲೋ ಪುಡಿ ಮಾಡಿಟ್ಟಿದ್ದೆ. ಬೆಳ್ಳುಳ್ಳಿ ಚಟ್ನಿ ಪುಡಿಯನ್ನು ಪಟ್ಟಿಯಿಂದಲೇ ತೆಗೆದಿದ್ದೆ. ಅವತ್ತು ಸಂಜೆಯೇ ಕೆಳಗಿನ ಮನೆಯ ಕಾಕು ಫೋನ್ ಮಾಡಿದರು. "ಅಗಂ, ಅಜೂನ್ ಶ್ರಾವಣ್ ಕುಠೆ ಆಲಾಯ್?" ಶ್ರಾವಣ ಇನ್ನೂ ಎಲ್ಲಿ ಬಂದಿದೆ, ಶ್ರಾವಣಕ್ಕೆ ಮೊದಲು ಮಾಂಸದೂಟ ಮಾಡಿ ಮುಗಿಸುವ ಗಟಾರಿಯೇ ಆಗಿಲ್ಲವಲ್ಲ ಅಂದರು. ಅವರಿಗೆ ಬೇಕಾಗಿದ್ದು ಬೆಳ್ಳುಳ್ಳಿ ಪುಡಿ, ಅದೂ ಅರ್ಧ ಕಿಲೋ.

ಕಾಕು ಹೇಳಿದ್ದೇ ಸರಿ. ಉತ್ತರದ ಕಡೆ ತಿಂಗಳು ಹುಣ್ಣಿಮೆಗೆ ಮುಗಿಯುತ್ತದೆ, ಮಹಾರಾಷ್ಟ್ರದಲ್ಲೂ ನಮ್ಮಲ್ಲೂ ಅಮಾವಾಸ್ಯೆಗೆ. ಅಲ್ಲಿನ ಶ್ರಾವಣ ನಮಗಿಂತ ಹದಿನೈದು ದಿನ ಮೊದಲೇ ಬರುತ್ತದೆ. ಆ ವರ್ಷ ನಮ್ಮ ಭೀಮನ ಅಮಾವಾಸ್ಯೆ ಜುಲೈ 24ಕ್ಕೆ ಇತ್ತು. ಮರಾಠಿಯವರ ದೀಪ ಅಮಾವಾಸ್ಯೆಯೂ ಅದೇ ದಿನ. ಶ್ರಾವಣ ಬಂದದ್ದು 25ಕ್ಕೆ. ಮೊದಲ ಶ್ರಾವಣ ಸೋಮವಾರ 28ಕ್ಕೆ. ಆ್ಯಪ್ ಪ್ರಕಾರ ಅದು 14ಕ್ಕೇ ಆಗಿಹೋಗಿತ್ತು.

ಕೊಳ್ಳುವಾಗ ಈ ತಪ್ಪು ಯಾಕೆ ಕಣ್ಣಿಗೆ ಬೀಳಲಿಲ್ಲ ಗೊತ್ತಾ? ಹಬ್ಬದ ದಿನ ಎರಡೂ ಲೆಕ್ಕದಲ್ಲಿ ಒಂದೇ. ಕೃಷ್ಣ ಪಕ್ಷದಲ್ಲಿ ತಿಂಗಳ ಹೆಸರು ಮಾತ್ರ ಬೇರೆ. ಹಾಗಾಗಿ ಗಣೇಶ, ದಸರಾ, ದೀಪಾವಳಿ ನೋಡಿದರೆ ಏನೂ ತಿಳಿಯುವುದಿಲ್ಲ. ಇಡೀ ತಿಂಗಳು ನಡೆಯುವ ಆಚರಣೆಯಲ್ಲಿ ಮಾತ್ರ ಏಟು ಬೀಳುತ್ತದೆ. ಶ್ರಾವಣ, ಕಾರ್ತಿಕದ ದೀಪ, ಮರಾಠಿಯವರ ಮಾರ್ಗಶೀರ್ಷದ ಗುರುವಾರಗಳು, ಎಲ್ಲ ಹಾಗೆಯೇ. ನೀವು ಇಂಥ ಪ್ಲ್ಯಾನರ್ ಕೊಳ್ಳುವುದಾದರೆ ಮೊದಲ ಶ್ರಾವಣ ಸೋಮವಾರ ಯಾವಾಗ ಅಂತ ನೋಡಿ. ಅದೊಂದು ಸಾಕು.

ಸರಿ ಮಾಡಲು ಕೂತೆ. ಇಡೀ ತಿಂಗಳನ್ನು ಒಟ್ಟಿಗೆ ಮುಂದಕ್ಕೆ ಸರಿಸಲು ಆಗಲಿಲ್ಲ. ಒಂದೊಂದೇ ಪೋಸ್ಟ್ ತೆರೆಯಬೇಕು, ತಾರೀಕು ಬದಲಿಸಬೇಕು, ಉಳಿಸಬೇಕು. ಚಿತ್ರದ ಮೇಲೆಯೇ ‘ಎರಡನೇ ಶ್ರಾವಣ ಸೋಮವಾರ’ ಅಂತ ಅಚ್ಚಾಗಿದ್ದರೆ ಆ ಚಿತ್ರವನ್ನೂ ಮತ್ತೆ ಮಾಡಬೇಕು. ಎರಡು ರಾತ್ರಿ ಹೋಯಿತು. ಕಂಪನಿಗೆ ಬರೆದರೆ, ನಮ್ಮ ಪಂಚಾಂಗ ಸರಿಯಾಗಿಯೇ ಇದೆ ಎಂಬ ಉತ್ತರ ಬಂತು. ಲಖನೌದಲ್ಲಿ ಮಾರುವವರಿಗೆ ಸರಿಯೇ. ಪ್ರದೇಶ ಆರಿಸುವ ಅನುಕೂಲ ಇಲ್ಲ, ದುಡ್ಡೂ ವಾಪಸ್ ಇಲ್ಲ ಅಂದರು. ನನಗೆ ಹೆಚ್ಚು ಬೇಜಾರಾದದ್ದು ಪುಡಿಯದು. ಮಳೆಗಾಲದಲ್ಲಿ ಒಣಕೊಬ್ಬರಿ ಹಾಕಿದ ಪುಡಿ ಬೇಗ ಮುಗ್ಗುತ್ತದೆ. ನಿಜವಾದ ಶ್ರಾವಣ ಬರುವ ಹೊತ್ತಿಗೆ ಅದನ್ನು ಮಾರಲು ನನಗೆ ಮನಸ್ಸು ಬರಲಿಲ್ಲ. ಮತ್ತೆ ಹೊಸದಾಗಿ ಮಾಡಿದೆ.

ಗೂಗಲ್ ಶೀಟ್ ನನ್ನ ವಾರಗಿತ್ತಿ ಹೇಳಿಕೊಟ್ಟದ್ದು. ಅವಳು ಪುಣೆಯ ಚಿಂಚ್‌ವಾಡದಲ್ಲಿದ್ದಾಳೆ, ವಿಡಿಯೋ ಕೆಲಸ ಅವಳದು. ತಾರೀಕು, ವಿಷಯ, ಯಾವ ಪುಡಿ, ಫೋಟೋ ಇದೆಯಾ ಇಲ್ಲವಾ, ಇಷ್ಟೇ ಕಾಲಂ. ಪುಕ್ಕಟೆ, ಇಬ್ಬರಿಗೂ ಕಾಣುತ್ತದೆ. ಆಫೀಸಿನವರಿಗೆ ಇದೇ ಒಳ್ಳೆಯದು. ಆದರೆ ಕೈಯಲ್ಲಿ ಮೆಣಸಿನ ಪುಡಿ ಇರುವಾಗ ಫೋನ್ ಮುಟ್ಟಲಾಗುವುದಿಲ್ಲ, ಅಲ್ವಾ? ಭಾನುವಾರ ತುಂಬಿಸಿದ್ದು ಗುರುವಾರಕ್ಕೆ ಮರೆತೇ ಹೋಗುತ್ತಿತ್ತು. ಇನ್ನೊಂದು ವಿಷಯ, ಹಳೆಯ ವರ್ಷದ ಶೀಟ್ ನಕಲು ಮಾಡಿ ಹೊಸ ವರ್ಷಕ್ಕೆ ಇಟ್ಟುಕೊಂಡರೆ ಮೋಸ ಹೋಗುತ್ತೀರಿ. 2025ರಲ್ಲಿ ಗಣೇಶ ಚೌತಿ ಆಗಸ್ಟ್ 27ಕ್ಕೆ ಇತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ ಅದು ಸೆಪ್ಟೆಂಬರ್ 14ಕ್ಕೆ. ಯಾವ ವಿಷಯಕ್ಕೆ ಎಷ್ಟು ಆರ್ಡರ್ ಬಂತು ಎನ್ನುವ ಲೆಕ್ಕಕ್ಕೆ ಮಾತ್ರ ಶೀಟ್ ಈಗಲೂ ಇಟ್ಟುಕೊಂಡಿದ್ದೇನೆ.

ಇನ್ನು ಗೋಡೆಯದು. ಕಾಲನಿರ್ಣಯ 1973ರಿಂದ ಬರುತ್ತಿದೆ, ಕನ್ನಡದಲ್ಲೂ ಸಿಗುತ್ತದೆ. ಒಲೆಯ ಪಕ್ಕದಲ್ಲೇ ನೇತುಹಾಕಿದ್ದೇನೆ. ಬೇಳೆ ಹುರಿಯುತ್ತಾ ಮುಂದಿನ ಎರಡು ವಾರ ಕಣ್ಣಾಡಿಸಬಹುದು. ನಮ್ಮವರ ಹಬ್ಬಕ್ಕೆ ನೀಲಿ, ಮರಾಠಿಯವರ ಹಬ್ಬಕ್ಕೆ ಕೆಂಪು. ಒಂದು ದಿನದ ಚೌಕ ಚಿಕ್ಕದು, ಒಂದೇ ಪದ ಹಿಡಿಸುತ್ತದೆ. ‘ಹುಳಿ’, ‘ಉಪವಾಸ’, ‘ಹೋಳಿಗೆ ಸಾರು’. ಆ ಒಂದು ಪದವೇ ವಾರದ ವಿಷಯ. ಸೋಮವಾರ ಅದರ ಬಗ್ಗೆ ಯಾರೋ ಕೇಳಿದ ಪ್ರಶ್ನೆಗೆ ಉತ್ತರ, ಬುಧವಾರ ಮಾಡುವ ಬಗೆ, ಶನಿವಾರ ಆರ್ಡರ್ ಪಟ್ಟಿ.

ಎರಡು ಬಣ್ಣ ಯಾಕೆ ಅಂದರೆ, ಗೌರಿಯನ್ನೇ ನೋಡಿ. ನಮ್ಮ ಸ್ವರ್ಣಗೌರಿ ಗಣೇಶನ ಹಿಂದಿನ ದಿನ ಬರುತ್ತಾಳೆ. ಮರಾಠಿಯವರ ಗೌರಿ ಗಣೇಶ ಬಂದ ಮೇಲೆ ಬರುತ್ತಾಳೆ. 2025ರಲ್ಲಿ ನಮ್ಮದು ಆಗಸ್ಟ್ 26, ಅವರದು 31. ನೀಲಿ ಗುರುತು ಮುಗಿದ ಮೇಲೂ ಕೆಂಪು ಗುರುತು ಉಳಿದಿದ್ದು ಕಂಡು ಒಂದು ವಿಷಯ ಹೊಳೆಯಿತು. ಅವರ ಪೂರಣ ಪೋಳಿಯ ಜೊತೆಗಿನ ಕಟಾಚಿ ಆಮಟಿ, ನಮ್ಮ ಹೋಳಿಗೆ ಸಾರು, ಎರಡೂ ಬೇಳೆ ಬೇಯಿಸಿದ ಕಟ್ಟಿನಿಂದಲೇ ಆಗುವುದು. ಎರಡನ್ನೂ ಪಕ್ಕಪಕ್ಕ ಇಟ್ಟು ಫೋಟೋ ತೆಗೆದೆ. ಆ ವಾರ ಸಾರಿನ ಪುಡಿ ಪೂರ್ತಿ ಖಾಲಿಯಾಯಿತು. ಅದನ್ನು ಯಾವ ಆ್ಯಪ್ ಹೇಳಿಕೊಡುತ್ತಿತ್ತು?

ಗುರುತನ್ನು ಹಬ್ಬದ ದಿನಕ್ಕೆ ಹಾಕಬೇಡಿ, ಹತ್ತು ದಿನ ಮೊದಲು ಹಾಕಿ. ಹಬ್ಬದ ದಿನ ಪೋಸ್ಟ್ ಹಾಕಿದರೆ ಅಷ್ಟೊತ್ತಿಗೆ ಅವರ ಅಡುಗೆಯೇ ಆಗಿರುತ್ತದೆ. ಹುರಿಯಲು, ಕೊರಿಯರ್‌ಗೆ ನಮಗೂ ದಿನ ಬೇಕು.

ಕೊರತೆ ಇಲ್ಲ ಅಂತಲ್ಲ. ಗೋಡೆ ಪುಣೆಗೆ ಕಾಣುವುದಿಲ್ಲ. ಒಂದನೇ ತಾರೀಕಿಗೆ ಫೋಟೋ ತೆಗೆದು ವಾರಗಿತ್ತಿಗೆ ಕಳಿಸುತ್ತೇನೆ. ಪೋಸ್ಟ್ ತಾನೇ ಹೋಗಬೇಕಾದರೆ ಇನ್‌ಸ್ಟಾಗ್ರಾಂ ಕಂಪನಿಯದೇ ಆದ ಮೆಟಾ ಬಿಸಿನೆಸ್ ಸೂಟ್‌ನಲ್ಲಿ ಆ ಕೆಲಸ ಪುಕ್ಕಟೆ ಆಗುತ್ತದೆ.

ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂರುವವರು, ಮೂರ್ನಾಲ್ಕು ಜನ ಸೇರಿ ಕೆಲಸ ಮಾಡುವವರು ಶೀಟ್ ತೆಗೆದುಕೊಳ್ಳಿ. ನನ್ನ ಹಾಗೆ ಬೆಳಗ್ಗೆ ಆರಕ್ಕೆ ಒಲೆ ಮುಂದೆ ನಿಲ್ಲುವವರಿಗೆ ಗೋಡೆಯೇ ಸರಿ. ಪ್ಲ್ಯಾನರ್ ಅನ್ನು ಮತ್ತೆ ಕೊಳ್ಳಲಿಲ್ಲ. ಆ 4,200 ರೂಪಾಯಿಯನ್ನು ಈ ಸಲ ಬ್ಯಾಡಗಿ ಮೆಣಸಿನಕಾಯಿಗೆ ಎತ್ತಿಟ್ಟಿದ್ದೇನೆ. ಮರಾಠಿ ಮನೆಗಳಲ್ಲಿ ವರ್ಷದ ಮಸಾಲೆ ಕುಟ್ಟಿಸುವ ಏಪ್ರಿಲ್, ಮೇ ತಿಂಗಳ ಪುಟದಲ್ಲಿ ಕೆಂಪು ಪೆನ್ಸಿಲ್‌ನಲ್ಲಿ ‘ಮೆಣಸು’ ಅಂತ ಬರೆದಾಗಿದೆ.