ಮೂರು ತಿಂಗಳಿಗೊಂದು ಹಾರ್ಮೋನ್ ಇಂಜೆಕ್ಷನ್: ಎರಡು ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ

ಪ್ರೊಸ್ಟೇಟ್ ಕ್ಯಾನ್ಸರ್‌ಗೆ ಕೊಡುವ ಲ್ಯೂಪ್ರೊಲೈಡ್ ಡಿಪೊ (ಮೈಯೊಳಗೆ ಉಳಿದು ನಿಧಾನಕ್ಕೆ ಕೆಲಸ ಮಾಡುವ) ಇಂಜೆಕ್ಷನ್ ಬಗ್ಗೆ ಬರೆಯುತ್ತಿದ್ದೇನೆ. ಮೊದಲು ತಿಂಗಳಿಗೊಮ್ಮೆ ಹಾಕುವುದನ್ನು ತಗೊಂಡೆ, ಆಮೇಲೆ 22.5 ಮಿ.ಗ್ರಾಂನ ಮೂರು ತಿಂಗಳದ್ದಕ್ಕೆ ಬದಲಾಯಿಸಿದರು. ಎರಡು ವರ್ಷ ದಾಟಿದೆ. ನಾನು ಹೈಸ್ಕೂಲ್ ಮೇಷ್ಟ್ರಾಗಿ ನಿವೃತ್ತಿ ಆದವನು, ಇರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ರೇಡಿಯೇಷನ್ ಬೆಂಗಳೂರಲ್ಲಿ ಆಯ್ತು, ಇಂಜೆಕ್ಷನ್ ಊರಲ್ಲೇ ಹಾಕಿಸಿಕೊಳ್ಳುತ್ತೇನೆ. ಔಷಧಿಗೆ ಐದಕ್ಕೆ ಐದು ಕೊಡುತ್ತೇನೆ. ಅದನ್ನು ರೋಗಿಗೂ ಮನೆಯವರಿಗೂ ತಿಳಿಸಿ ಹೇಳಿ ಕೊಡುವ ರೀತಿಗೆ ಐದಕ್ಕೆ ಎರಡು.

ಮೊದಲು ಕೆಲಸದ ವಿಷಯ. ಶುರು ಮಾಡುವಾಗ ನನ್ನ ಪಿಎಸ್‌ಎ, ಅಂದರೆ ಪ್ರೊಸ್ಟೇಟ್ ಕ್ಯಾನ್ಸರ್ ಮೇಲೆ ಕಣ್ಣಿಡಲು ಮಾಡಿಸುವ ರಕ್ತ ಪರೀಕ್ಷೆಯ ಅಂಕಿ, 38 ಇತ್ತು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಷ್ಟು ಉಗ್ರ ಅಂತ ಹೇಳುವ ಗ್ಲೀಸನ್ ಸ್ಕೋರ್ 8. ಮೂಳೆಗೆ ಹರಡಿರಲಿಲ್ಲ. ರೇಡಿಯೇಷನ್ ಮತ್ತು ಇಂಜೆಕ್ಷನ್ ಎರಡೂ ಸೇರಿದ ಮೇಲೆ ಈಗ ಪಿಎಸ್‌ಎ 0.1ಕ್ಕಿಂತ ಕೆಳಗಿದೆ. ಗಂಡು ಹಾರ್ಮೋನ್ ಆದ ಟೆಸ್ಟೋಸ್ಟಿರೋನನ್ನು ತಡೆದರೆ ಈ ಕ್ಯಾನ್ಸರ್ ಕುಗ್ಗುತ್ತದೆ ಅಂತ ಚಾರ್ಲ್ಸ್ ಹಗ್ಗಿನ್ಸ್ ಎಂಬ ಡಾಕ್ಟರು 1941ರಲ್ಲೇ ತೋರಿಸಿದ್ದರು, ಅದಕ್ಕೆ 1966ರಲ್ಲಿ ಅವರಿಗೆ ನೊಬೆಲ್ ಬಂತು. ಆಗ ಇದ್ದ ದಾರಿ ಅಂದರೆ ವೃಷಣ ತೆಗೆಯುವ ಆಪರೇಷನ್, ಇಲ್ಲವೇ ಹೆಣ್ಣು ಹಾರ್ಮೋನ್ ಕೊಡುವುದು. ಈಗಿನ ಇಂಜೆಕ್ಷನ್ ಅದೇ ಕೆಲಸವನ್ನು ಮೆದುಳಿನ ಕಡೆಯಿಂದ ಮಾಡುತ್ತದೆ. ಟೆಸ್ಟೋಸ್ಟಿರೋನ್ ತಯಾರು ಮಾಡಿಸು ಅಂತ ಪಿಟ್ಯುಟರಿ ಗ್ರಂಥಿಗೆ ಮೆದುಳು ಆಗಾಗ ಸೂಚನೆ ಕೊಡುತ್ತದಲ್ಲ, ಈ ಔಷಧಿ ಆ ಸೂಚನೆಯನ್ನು ಬಿಡುವಿಲ್ಲದೆ ಕೊಡುತ್ತಲೇ ಇರುತ್ತದೆ, ಕೊನೆಗೆ ಪಿಟ್ಯುಟರಿ ಕಿವಿಗೆ ಹಾಕಿಕೊಳ್ಳುವುದನ್ನೇ ಬಿಡುತ್ತದೆ. ಬಾಗಿಲು ಒಂದೇ ಸಮ ಬಡಿಯುವವನಿಗೆ ಮನೆಯವರು ಆಮೇಲಾಮೇಲೆ ಎದ್ದು ಬರುವುದಿಲ್ಲ, ಹಾಗೆ.

ಆದರೆ ಶುರುವಿನ ಒಂದೆರಡು ವಾರ ಉಲ್ಟಾ ಆಗುತ್ತದೆ, ಟೆಸ್ಟೋಸ್ಟಿರೋನ್ ಮೊದಲು ಏರಿ ಆಮೇಲೆ ಇಳಿಯುತ್ತದೆ. ಅದಕ್ಕೇ ಆ ಹಾರ್ಮೋನ್ ಕ್ಯಾನ್ಸರ್ ಮೇಲೆ ಕೆಲಸ ಮಾಡದಂತೆ ತಡೆಯುವ ಬೈಕಾಲುಟಮೈಡ್ 50 ಮಿ.ಗ್ರಾಂ ಮಾತ್ರೆಯನ್ನು ಜೊತೆಗೆ ಕೊಡುತ್ತಾರೆ. ಬೆನ್ನುಮೂಳೆಗೆ ಹರಡಿರುವವರಿಗೆ ಈ ಏರಿಕೆ ಅಪಾಯ, ನೋವು ಜಾಸ್ತಿ ಆಗಬಹುದು, ಮೂತ್ರ ಕಟ್ಟಬಹುದು, ಕಾಲಿನ ಬಲ ಹೋಗಬಹುದು. ನಿಮ್ಮವರಿಗೆ ಮೂಳೆಗೆ ಹರಡಿದೆ ಅಂತ ಹೇಳಿದ್ದರೆ, ಮೊದಲ ಇಂಜೆಕ್ಷನ್ನಿಗೆ ಮುಂಚೆಯೇ "ಮಾತ್ರೆ ಯಾವತ್ತಿಂದ ಶುರು ಮಾಡಬೇಕು ಡಾಕ್ಟ್ರೇ" ಅಂತ ಕೇಳಿ. ಡೆಗರೆಲಿಕ್ಸ್ ಅನ್ನುವ ಇನ್ನೊಂದು ಇಂಜೆಕ್ಷನ್ ಇದೆ, ಅದರಲ್ಲಿ ಈ ಏರಿಕೆ ಇಲ್ಲ, ಆದರೆ ತಿಂಗಳು ತಿಂಗಳೂ ಹಾಕಿಸಿಕೊಳ್ಳಬೇಕು, ಚುಚ್ಚಿದ ಜಾಗ ಕೆಂಪಗಾಗಿ ಊದಿಕೊಳ್ಳುವುದೂ ಜಾಸ್ತಿ.

ಸೂಜಿ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೊಟ್ಟೆಯ ಚರ್ಮದ ಕೆಳಗೆ ಹಾಕುತ್ತಾರೆ, ಪ್ರತಿ ಸಲ ಜಾಗ ಬದಲಾಯಿಸುತ್ತಾರೆ. ಒಂದು ನಿಮಿಷದ ಉರಿ, ಎರಡು ದಿನ ಚಿಕ್ಕ ಗಂಟು. ಅಷ್ಟೇ.

ಅದಕ್ಕಿಂತ ದೊಡ್ಡ ತಲೆನೋವು ಔಷಧಿಯನ್ನು ತಣ್ಣಗೆ ಇಡುವುದು. ನನ್ನ ಬ್ರ್ಯಾಂಡ್ 2ರಿಂದ 8 ಡಿಗ್ರಿಯಲ್ಲಿ ಇರಬೇಕಾದದ್ದು. ಇದೇ ಜಾತಿಯ ಗೊಸೆರೆಲಿನ್‌ನಂಥ ಇಂಜೆಕ್ಷನ್‌ಗಳು 25 ಡಿಗ್ರಿ ಒಳಗಿದ್ದರೆ ಸಾಕು, ಪೆಟ್ಟಿಗೆ ಮೇಲೆ ಬರೆದಿರುತ್ತದೆ, ನೋಡಿಕೊಳ್ಳಿ. ನಮ್ಮೂರಿನ ಏಪ್ರಿಲ್ ಬಿಸಿಲು ಗೊತ್ತಲ್ಲ. ಒಂದು ಮೆಡಿಕಲ್ ಸ್ಟೋರ್‌ನವರು ಆರ್ಡರ್ ಮಾಡಿ ತರಿಸಿದ ಡಬ್ಬವನ್ನು ಸುಮ್ನೆ ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿ ಕೌಂಟರ್ ಮೇಲೆ ಇಟ್ಟಿದ್ದರು, ಎಷ್ಟು ಹೊತ್ತಿಂದ ಇತ್ತೋ ದೇವರೇ ಬಲ್ಲ. ನಾನು ತಗೊಳ್ಳಲಿಲ್ಲ. "ಏನೂ ಆಗಲ್ಲ ಸಾರ್" ಅಂದರು. ಸಾವಿರಗಟ್ಟಲೆ ಬೆಲೆಯ ಔಷಧಿ, ಅದೂ ಮೂರು ತಿಂಗಳು ಒಳಗೆ ಕೂತು ಕೆಲಸ ಮಾಡಬೇಕಾದದ್ದು, ಏನೂ ಆಗಲ್ಲ ಅನ್ನುವ ಮಾತಿನ ಮೇಲೆ ತಗೊಳ್ಳಲು ಆಗುತ್ತದಾ? ಕೊನೆಗೆ ಐಸ್ ಪ್ಯಾಕ್ ಇಟ್ಟು ಬೇರೆ ತರಿಸಿಕೊಟ್ಟರು. ಹಾಕುವಾಗಲೂ ಗಮನ ಬೇಕು. ನನ್ನದರಲ್ಲಿ ಎರಡು ಸಿರಿಂಜ್ ಜೋಡಿಸಿ ಹಿಂದೆ ಮುಂದೆ ತಳ್ಳಿ ಔಷಧಿ ಕಲಸಬೇಕು, ಕಲಸಿದ ಅರ್ಧ ಗಂಟೆಯೊಳಗೆ ಚುಚ್ಚಬೇಕು. ಇದನ್ನು ಮುಂಚೆ ಮಾಡಿ ಅಭ್ಯಾಸ ಇರುವ ನರ್ಸ್ ಇದ್ದಾರಾ ಅಂತ ಫೋನ್ ಮಾಡಿ ಕೇಳಿಯೇ ಹೋಗುತ್ತೇನೆ.

ಈಗ ಯಾರೂ ಹೇಳದ ಭಾಗ.

ಮೊದಲ ಇಂಜೆಕ್ಷನ್ ಹಾಕುವಾಗ ನನಗೆ ಹೇಳಿದ್ದು "ಸ್ವಲ್ಪ ಸೆಖೆ ಆಗಬಹುದು" ಅಂತ ಮಾತ್ರ. ಸೆಖೆ! ಎದೆಯಿಂದ ಒಂದು ಝಳ ಎದ್ದು ಕುತ್ತಿಗೆ, ಮುಖ, ತಲೆ ಎಲ್ಲ ಕಾದು, ಬನಿಯನ್ ತೊಯ್ದು, ಎರಡೇ ನಿಮಿಷಕ್ಕೆ ಮೈ ತಣ್ಣಗಾಗಿ ನಡುಕ. ಹಗಲು ಹೇಗೋ ಆಗುತ್ತದೆ. ರಾತ್ರಿ ನಿದ್ದೆ ಕೆಡುತ್ತದೆ, ನಿದ್ದೆ ಕೆಟ್ಟರೆ ಮರುದಿನದ ಸಿಟ್ಟು, ಸುಸ್ತು ಎಲ್ಲ ಅಲ್ಲಿಂದಲೇ. ಇದು ಏನು ಅಂತ ಮೊದಲು ಗುರುತಿಸಿದ್ದು ನಮ್ಮ ಮನೆಯವರು. "ರೀ, ಮುಟ್ಟು ನಿಲ್ಲುವಾಗ ನನಗೆ ಆಗಿದ್ದು ಇದೇ, ಆಗ ನಾನು ಯಾರಿಗೆ ಹೇಳಲಿ" ಅಂದರು. ಮೂವತ್ತೈದು ವರ್ಷ ಸಂಸಾರ ಮಾಡಿದವನಿಗೆ ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ. ಅವರೇ ಹೇಳಿಕೊಟ್ಟರು, ಹಾಸಿಗೆ ಪಕ್ಕದಲ್ಲಿ ಒಣ ಟವೆಲ್, ಬದಲಿಸಲು ಇನ್ನೊಂದು ಬನಿಯನ್, ಕಾಟನ್ ಬೆಡ್‌ಶೀಟ್, ಸಂಜೆ ಆದಮೇಲೆ ಬಿಸಿ ಚಹಾ ಬೇಡ. ಖಾರ ನನಗೆ ಕೂಡಲೇ ಝಳ ತರಿಸುತ್ತದೆ, ಹಾಗಾಗಿ ಸಂಜೆಯ ಮಂಡಕ್ಕಿ ಜೊತೆ ಮಿರ್ಚಿ ಬಿಟ್ಟಿದ್ದೇನೆ. ಇಷ್ಟಕ್ಕೂ ತಡೆಯಲು ಆಗದಿದ್ದರೆ ಮಾತ್ರೆಗಳಿವೆ, ವೆನ್ಲಾಫಾಕ್ಸಿನ್‌ನಂಥವು. ಸಹಿಸಿಕೊಂಡು ಕೂರಬೇಡಿ, ಡಾಕ್ಟರ ಹತ್ತಿರ ಕೇಳಿ.

ಇನ್ನು ಗಂಡಸರು ಬಾಯಿ ಬಿಡದ ವಿಷಯ. ಆಸೆ ಹೋಗುತ್ತದೆ. ಆಗುವುದಿಲ್ಲ ಅನ್ನುವುದಕ್ಕಿಂತ ಮುಂಚೆ, ಬೇಕು ಅನ್ನಿಸುವುದೇ ನಿಲ್ಲುತ್ತದೆ. ವೃಷಣ ಚಿಕ್ಕದಾಗುತ್ತದೆ, ಮೈ ಕೂದಲು ಕಡಿಮೆ ಆಗುತ್ತದೆ, ಕೆಲವರಿಗೆ ಸ್ತನ ನೋವಾಗಿ ದಪ್ಪ ಆಗುತ್ತದೆ. ನನಗೆ ಸ್ತನದ ತೊಂದರೆ ಆಗಲಿಲ್ಲ, ಉಳಿದವೆಲ್ಲ ಆಯ್ತು. ಅದರ ಜೊತೆಗೆ ಕಾರಣವಿಲ್ಲದೆ ಕಣ್ಣಲ್ಲಿ ನೀರು ಬರುವುದು, ಮಗನ ಮೇಲೆ ಚಿಕ್ಕದಕ್ಕೆಲ್ಲ ರೇಗುವುದು. ಇದೆಲ್ಲ ಔಷಧಿಯಿಂದ ಅಂತ ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ಯಾರಾದರೂ ಒಂದು ಮಾತು ಹೇಳಿದ್ದರೆ, ನಾನು ಅವರಿಂದ ದೂರ ಆಗುತ್ತಿದ್ದೇನೆ ಅಂತ ಅವರು ಅಷ್ಟು ದಿನ ಒಳಗೊಳಗೇ ನೊಂದುಕೊಳ್ಳುತ್ತಿರಲಿಲ್ಲ. ಹೆಂಡತಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ಗಂಡನಿಗೆ ಮಾತ್ರ ಎರಡು ನಿಮಿಷ ಮಾತಾಡಿ ಸೈನ್ ಹಾಕಿಸಿಕೊಳ್ಳುವುದು ತಪ್ಪು. ಖಂಡಿತ ತಪ್ಪು. ಮೊದಲ ಇಂಜೆಕ್ಷನ್ನಿನ ದಿನ ಮನೆಯವರನ್ನು ಒಳಗೆ ಕರೆದುಕೊಂಡು ಹೋಗಿ, ಅವರ ಎದುರಿಗೇ ಎಲ್ಲ ಕೇಳಿ. ನಾಚಿಕೆ ಆದರೆ ಆಗಲಿ.

ಮೈ ವಿಷಯಕ್ಕೆ ಬಂದರೆ, ಹೊಟ್ಟೆ ಬರುತ್ತದೆ, ತೋಳು ತೊಡೆ ಸೊರಗುತ್ತವೆ. ತೂಕದ ಮಷೀನ್ ಮೇಲೆ ಇದು ಸರಿಯಾಗಿ ಕಾಣುವುದಿಲ್ಲ, ಯಾಕೆಂದರೆ ಮಾಂಸಖಂಡ ಹೋದ ಜಾಗದಲ್ಲಿ ಕೊಬ್ಬು ಬಂದಿರುತ್ತದೆ. ಶುಗರ್, ಕೊಲೆಸ್ಟರಾಲ್ ಏರುತ್ತವೆ, ಮೂಳೆ ತೆಳ್ಳಗಾಗುತ್ತದೆ, ಹೃದಯದ ತೊಂದರೆ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು. ನನಗೆ ಶುಗರ್ ಗಡಿಗೆ ಬಂತು. ಬೆಣ್ಣೆದೋಸೆ ಊರಲ್ಲಿ ಇದ್ದುಕೊಂಡು ದೋಸೆ ಬಿಡಿ ಅಂತ ನಾನು ಹೇಳುವುದಿಲ್ಲ, ಆದರೆ ವಾರಕ್ಕೊಮ್ಮೆ ಸಾಕು.

ನಿಜವಾಗಿ ನನ್ನನ್ನು ಎತ್ತಿ ನಿಲ್ಲಿಸಿದ್ದು ವ್ಯಾಯಾಮ. ಬೆಳಿಗ್ಗೆ ಕುಂದವಾಡ ಕೆರೆ ಕಡೆ ಜೋರು ನಡಿಗೆ. ಬರೀ ನಡಿಗೆ ಸಾಲದು, ಮಾಂಸಖಂಡಕ್ಕೆ ಭಾರ ಬೇಕು ಅಂತ ಬೆಂಗಳೂರಿನ ಫಿಸಿಯೋಥೆರಪಿ ಹುಡುಗಿ ಒತ್ತಿ ಹೇಳಿದಳು, ಆ ಮಗುವಿಗೆ ನಾನು ಋಣಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ಚಿಕ್ಕ ಡಂಬೆಲ್. ಸುಸ್ತು ಇರುವಾಗ ವ್ಯಾಯಾಮ ಮಾಡು ಅಂದರೆ ಮೊದಲು ಸಿಟ್ಟು ಬರುತ್ತದೆ. ಆದರೆ ಈ ಸುಸ್ತು ಮಲಗಿದರೆ ಜಾಸ್ತಿ, ಎದ್ದು ಓಡಾಡಿದರೆ ಕಡಿಮೆ. ಕೆಲವು ವಾರಗಳಲ್ಲೇ ನನಗೆ ವ್ಯತ್ಯಾಸ ಗೊತ್ತಾಯ್ತು. ಕ್ಯಾಲ್ಸಿಯಂ, ವಿಟಮಿನ್ ಡಿ ನಡೆಯುತ್ತಿವೆ. ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಶುರುವಿನಲ್ಲೇ ಒಂದು ಮಾಡಿಸಿಡಿ, ಇಲ್ಲದಿದ್ದರೆ ಆಮೇಲೆ ಹೋಲಿಸಲು ಏನೂ ಇರುವುದಿಲ್ಲ. ಮೂಳೆಗೆ ಜೋಲೆಡ್ರಾನಿಕ್ ಆಸಿಡ್ ಡ್ರಿಪ್ ಹಾಕಬೇಕು ಅಂದರೆ ಮುಂಚೆ ಹಲ್ಲಿನ ಡಾಕ್ಟರ ಹತ್ತಿರ ತೋರಿಸಿಕೊಂಡು ಹೋಗಿ, ಅದು ಹಾಕಿದ ಮೇಲೆ ಹಲ್ಲು ಕೀಳಿಸಿದರೆ ದವಡೆ ಮೂಳೆಗೆ ತೊಂದರೆ ಆಗುವ ಸಾಧ್ಯತೆ ಇದೆ.

ರಕ್ತ ಪರೀಕ್ಷೆಯಲ್ಲಿ ಪಿಎಸ್‌ಎ ಒಂದೇ ಬರೆದುಕೊಡುತ್ತಾರೆ. ಟೆಸ್ಟೋಸ್ಟಿರೋನನ್ನೂ ಸೇರಿಸಿ ಅಂತ ಕೇಳಿ. ಅದು 50 ng/dLಗಿಂತ ಕೆಳಗೆ ಇದ್ದರೆ ಇಂಜೆಕ್ಷನ್ ತನ್ನ ಕೆಲಸ ಮಾಡುತ್ತಿದೆ ಅಂತ ಲೆಕ್ಕ. ಟೆಸ್ಟೋಸ್ಟಿರೋನ್ ಕೆಳಗಿದ್ದೂ ಪಿಎಸ್‌ಎ ಏರುತ್ತಿದ್ದರೆ ವಿಷಯ ಬೇರೆ, ಡಾಕ್ಟರು ಮುಂದಿನ ಔಷಧಿ ಯೋಚಿಸುತ್ತಾರೆ. ತಾರೀಖು ತಪ್ಪಿಸಬೇಡಿ. ಮದುವೆ, ಜಾತ್ರೆ ಅಂತ ಮುಂದೂಡಿದರೆ ಟೆಸ್ಟೋಸ್ಟಿರೋನ್ ಮತ್ತೆ ತಲೆ ಎತ್ತಬಹುದು.

ಖರ್ಚಿನ ಬಗ್ಗೆ. ಬಿಪಿಎಲ್ ಕಾರ್ಡ್ ಇರುವವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಅಂತ ಆಸ್ಪತ್ರೆಯ ಆರೋಗ್ಯ ಮಿತ್ರರ ಹತ್ತಿರ ಮೊದಲೇ ವಿಚಾರಿಸಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30 ಮಾತ್ರ. ಕೈಯಿಂದ ಕೊಡುವವರು ಡಬ್ಬದ ಮೇಲಿನ ಬೆಲೆಯನ್ನೇ ಕೊಡಬೇಕಿಲ್ಲ, ನಾಲ್ಕು ಕಡೆ ಕೇಳಿ.

ಬೆಂಗಳೂರಿನಲ್ಲಿ ನನ್ನ ಪಕ್ಕ ಕೂತಿದ್ದ ಜಗಳೂರು ಕಡೆಯ ರೈತರೊಬ್ಬರಿಗೆ ಮೂಳೆಗೆ ಹರಡಿತ್ತು, ಅವರು ಇಂಜೆಕ್ಷನ್ ಬೇಡ ಅಂತ ವೃಷಣ ತೆಗೆಯುವ ಆಪರೇಷನ್ ಮಾಡಿಸಿಕೊಂಡಿದ್ದರು. "ಮೇಷ್ಟ್ರೇ, ಮೂರು ತಿಂಗಳಿಗೊಮ್ಮೆ ದುಡ್ಡು ಹೊಂಚೋದು ಎಲ್ಲಿಂದ" ಅಂದರು. ಅವರ ತೀರ್ಮಾನ ಸರಿಯಾಗಿಯೇ ಇತ್ತು. ಜೀವಮಾನವಿಡೀ ಹಾರ್ಮೋನ್ ತಡೆಯಲೇಬೇಕು ಅನ್ನುವವರಿಗೆ ಆಪರೇಷನ್ ಒಂದೇ ಸಲದ ಕೆಲಸ, ಖರ್ಚು ಕಡಿಮೆ, ಟೆಸ್ಟೋಸ್ಟಿರೋನ್ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ. ಅದನ್ನು ಬಡವರ ಚಿಕಿತ್ಸೆ ಅಂತ ಕೀಳಾಗಿ ನೋಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ನನ್ನ ಹಾಗೆ ರೇಡಿಯೇಷನ್ ಜೊತೆ ಇಂತಿಷ್ಟು ಕಾಲ ಅಂತ ಇರುವವರಿಗೆ ಮಾತ್ರ ಇಂಜೆಕ್ಷನ್ನಿನ ಲಾಭ ಸ್ಪಷ್ಟ, ನಿಲ್ಲಿಸಲು ಆಗುತ್ತದೆ.

ನನ್ನ ಇಂಜೆಕ್ಷನ್ ಅವಧಿ ಇನ್ನು ಉಳಿದಿರುವುದು ಸ್ವಲ್ಪವೇ. ನಿಲ್ಲಿಸಿದ ಮರುದಿನವೇ ಎಲ್ಲ ಮೊದಲಿನಂತೆ ಆಗುವುದಿಲ್ಲ ಅಂತ ಈ ಸಲ ಡಾಕ್ಟರು ಬಿಡಿಸಿ ಹೇಳಿದರು. ಟೆಸ್ಟೋಸ್ಟಿರೋನ್ ವಾಪಸ್ ಬರಲು ತಿಂಗಳುಗಳೇ ಬೇಕು, ವಯಸ್ಸಾದವರಲ್ಲಿ ಪೂರ್ತಿ ಬರದೆಯೂ ಇರಬಹುದು, ಅದು ಬಂದಂತೆ ಪಿಎಸ್‌ಎ ಸ್ವಲ್ಪ ಏರಿದರೆ ಗಾಬರಿ ಬೇಡ, ಆದರೆ ಪರೀಕ್ಷೆ ತಪ್ಪಿಸಬೇಡಿ ಅಂದರು. ನಮ್ಮ ಮನೆಯವರು ಪಕ್ಕದಲ್ಲೇ ಕೂತು ಕೇಳಿಸಿಕೊಂಡರು, ನನಗೆ ಹೊಳೆಯದ ಎರಡು ಪ್ರಶ್ನೆಯನ್ನೂ ಅವರೇ ಕೇಳಿದರು.