ಈನೋ: ನೊರೆಗೆ ಪೂರ್ತಿ ಅಂಕ, ಉಪ್ಪಿಗೆ ಕತ್ತರಿ

ಮದುವೆ ಊಟದಲ್ಲಿ ಮೂರನೇ ಹೋಳಿಗೆಗೆ ಬೇಡ ಅನ್ನಲಾಗದವರಿಗೂ, ಸಂಜೆ ಗಾಡಿಯ ಮುಂದೆ ನಿಂತು ಮಿರ್ಚಿ ಬಜ್ಜಿ ಮುಗಿಸಿದವರಿಗೂ ಈನೋ ಪರಿಚಯ ಮಾಡಿಕೊಡಬೇಕಿಲ್ಲ. ಯಾವ ಯಾವ ರುಚಿಯಲ್ಲಿ ಸಿಗುತ್ತದೆ, ಎಷ್ಟು ಸೆಕೆಂಡಿಗೆ ಕೆಲಸ ಶುರು ಎಂಬುದೆಲ್ಲ ಜಾಹೀರಾತಿನಿಂದ ಬಾಯಿಪಾಠವಾಗಿದೆ. ಈ ವಿಮರ್ಶೆ, ಅಡುಗೆಮನೆಯ ಡಬ್ಬಿಯಲ್ಲಿ ವರ್ಷಗಟ್ಟಲೆ ಇದನ್ನು ಇಟ್ಟುಕೊಂಡು ಬಳಸುವವರಿಗೆ. ಇದರ ದೊಡ್ಡ ಸುಖವೂ ದೊಡ್ಡ ಮೋಸವೂ ಆ ನೊರೆಯಲ್ಲೇ ಇವೆ.

ಮೊದಲು ಸುಖ. 300 ಮಿ.ಲೀ. ಹಿಡಿಸುವ ಲೋಟಕ್ಕೆ ಅರ್ಧ, ಅಂದರೆ 150 ಮಿ.ಲೀ. ನೀರು. ಫ್ರಿಜ್ ನೀರು ಬೇಡ, ಬಿಂದಿಗೆಯದು ಸಾಕು. ನೀರು ಮೊದಲು, ಪುಡಿ ಆಮೇಲೆ. ಪುಡಿ ಹಾಕಿ ಅದರ ಮೇಲೆ ನೀರು ಸುರಿದರೆ ಎಲ್ಲವೂ ಒಂದೇ ಏಟಿಗೆ ಉಕ್ಕಿ ಲೋಟದ ಅಂಚು ದಾಟುತ್ತದೆ, ಔಷಧಿಯ ಕಾಲುಭಾಗ ಮೇಜಿನ ಪಾಲು. ನೀರಿನ ಮೇಲೆ ಪುಡಿ ಉದುರಿಸಿದರೆ ಸುಯ್ಯೆಂಬ ಸದ್ದು, ಬಿಳಿ ಮೋಡದಂತೆ ಮೇಲೇರುವ ನೊರೆ, ಬಗ್ಗಿ ನೋಡಿದರೆ ಮೂಗಿನ ತುದಿಗೆ ಚುರುಚುರು ಹನಿ. ಅರ್ಧ ಹೊಟ್ಟೆನೋವು ಇದನ್ನು ನೋಡಿಯೇ ಇಳಿಯುತ್ತದೆ ಅನ್ನುವವರಿದ್ದಾರೆ, ತೀರಾ ಸುಳ್ಳಲ್ಲ. ಆರ್ಭಟ ನಡೆಯುವಾಗ ಚಮಚ ಆಡಿಸಬೇಡಿ. ನೊರೆ ಇಳಿದ ಮೇಲೆ ಒಂದೇ ಸುತ್ತು ತಿರುಗಿಸಿ ತಳದ ಹರಳು ಕರಗಿಸಿದರೆ ಸಾಕು.

ಆ ನೊರೆ ಎಷ್ಟು ಗೊತ್ತೇ? ಬ್ರಿಟನ್ನಿನಲ್ಲಿ ಮಾರುವ 5 ಗ್ರಾಂ ಪುಡಿಯಲ್ಲಿ ಸೋಡಿಯಂ ಬೈಕಾರ್ಬನೇಟ್, ಅಂದರೆ ನಮ್ಮ ಅಡುಗೆ ಸೋಡಾ, 2.32 ಗ್ರಾಂ. ಸಿಟ್ರಿಕ್ ಆಸಿಡ್ 2.18 ಗ್ರಾಂ. ಸೋಡಿಯಂ ಕಾರ್ಬನೇಟ್ 0.50 ಗ್ರಾಂ. ನಮ್ಮಲ್ಲಿ ಇದು ಆಯುರ್ವೇದ ಔಷಧಿಯಾಗಿ ಮಾರಾಟವಾಗುವುದರಿಂದ ಪೊಟ್ಟಣದ ಮೇಲೆ ಸ್ವರ್ಜಿಕ್ಷಾರ, ನಿಂಬುಕಾಮ್ಲ ಎಂಬ ಗಂಭೀರ ಹೆಸರುಗಳಿವೆ. ಅಳತೆಯಲ್ಲಿ ವ್ಯತ್ಯಾಸ ಇದೆ, ಆಟ ಒಂದೇ. ಬ್ರಿಟನ್ನಿನ ಅಳತೆ ಹಿಡಿದು ಲೆಕ್ಕ ಹಾಕಿದರೆ ಒಂದು ಪೊಟ್ಟಣ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ. ಆ ಗಾಳಿ ಲೋಟದಲ್ಲೇ ಹೋಗಬೇಕೋ ನಿಮ್ಮ ಹೊಟ್ಟೆಯೊಳಗೆ ಹೋಗಬೇಕೋ ಎಂಬುದನ್ನು ನೀವು ಕುಡಿಯುವ ಸಮಯ ತೀರ್ಮಾನಿಸುತ್ತದೆ.

ಬಹಳ ಮಂದಿ ತಪ್ಪುವುದು ಇಲ್ಲೇ. ಉಕ್ಕುವಾಗಲೇ ಗಟಗಟ ಕುಡಿದರೆ ಮಾತ್ರ ಪವರ್ ಎಂದು ನಂಬಿಕೆ. ಹಾಗೆ ಕುಡಿದರೆ ಜೋರು ತೇಗು ಬರುವುದು ಖಂಡಿತ. ಆದರೆ ಆ ತೇಗಿನಲ್ಲಿ ಹೊರಬಿದ್ದದ್ದು ನೀವು ಈಗಷ್ಟೇ ನುಂಗಿದ ಗಾಳಿ, ಬೆಳಗಿನಿಂದ ಕಾಡುತ್ತಿದ್ದ ಗ್ಯಾಸ್ ಅಲ್ಲ. ಎದೆಯುರಿ ಇರುವವರಿಗೆ ಇದು ಉಪದ್ರವವೂ ಹೌದು: ಹೊಟ್ಟೆ ಗಾಳಿಯಿಂದ ಉಬ್ಬಿದರೆ ಅನ್ನನಾಳದ ಕೆಳಬಾಗಿಲು ಆಗಾಗ ಸಡಿಲಗೊಂಡು ಹುಳಿಯನ್ನೂ ಮೇಲಕ್ಕೆ ಬಿಡುತ್ತದೆ. ಒಂದೆರಡು ನಿಮಿಷ ಕಾದು, ಸದ್ದು ನಿಂತ ಮೇಲೆ ಸಣ್ಣ ಗುಟುಕುಗಳಲ್ಲಿ ಕುಡಿಯಿರಿ. ಪವರ್ ಎಲ್ಲೂ ಹೋಗುವುದಿಲ್ಲ. ಬೈಕಾರ್ಬನೇಟಿನ ಬಹುಪಾಲನ್ನು ಸಿಟ್ರಿಕ್ ಆಸಿಡ್ ಲೋಟದಲ್ಲೇ ಮುಗಿಸಿಬಿಟ್ಟಿರುತ್ತದೆ. ಹೊಟ್ಟೆಯ ಹುಳಿಯನ್ನು ಹೀರುವುದು ಅದರಿಂದ ಹುಟ್ಟಿದ ಸೋಡಿಯಂ ಸಿಟ್ರೇಟ್. ಅದಕ್ಕೆ ನೊರೆಯೂ ಇಲ್ಲ, ಸದ್ದೂ ಇಲ್ಲ. ಫ್ರಿಜ್ ನೀರು ಬೇಡ ಅಂದದ್ದಕ್ಕೂ ಇದೇ ಕಾರಣ: ತಣ್ಣೀರು ಹೆಚ್ಚು ಗಾಳಿ ಹಿಡಿದಿಟ್ಟುಕೊಂಡು ಹೊಟ್ಟೆಯ ಬಿಸಿಯಲ್ಲಿ ಬಿಡುತ್ತದೆ.

ಬರೀ ಅಡುಗೆ ಸೋಡಾ ನೀರಿಗಿಂತ ಈನೋ ಮೇಲು ಅನ್ನುವುದಕ್ಕೆ ನಿಜವಾದ ಆಧಾರ ಇಷ್ಟೇ. ಅರ್ಧ ಟೀ ಚಮಚ ಸೋಡಾ ನೀರಲ್ಲಿ ಕಲಸಿ ಕುಡಿದರೆ ಲೋಟದಲ್ಲಿ ಏನೂ ಆಗದು, ಗಾಳಿ ಏಳುವುದು ಒಳಗೆ, ಹುಳಿಯ ಜೊತೆ ಸೇರಿದಾಗ. ಬಿರಿಯ ತಿಂದ ಹೊಟ್ಟೆಗೆ ಚಮಚಗಟ್ಟಲೆ ಸೋಡಾ ಸುರಿದು ಜಠರವೇ ಬಿರಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ದುಡ್ಡು ಉಳಿಸಬೇಕೆಂದರೆ ಅರ್ಧ ಟೀ ಚಮಚ ಸೋಡಾಕ್ಕೆ ಎರಡು ರಸಭರಿತ ನಿಂಬೆಹಣ್ಣು ಹಿಂಡಿ. ಸಿಟ್ರಿಕ್ ಆಸಿಡ್ ಲೆಕ್ಕ ಹತ್ತಿರ ಹತ್ತಿರ ಸರಿಹೋಗುತ್ತದೆ, ನೊರೆಯೂ ಬರುತ್ತದೆ. ನಿಂಬೆ ದುಬಾರಿಯಾಗುವ ಬೇಸಿಗೆಯಲ್ಲಿ ಮಾತ್ರ ಈ ಉಳಿತಾಯ ಉಲ್ಟಾ ಹೊಡೆಯುತ್ತದೆ.

ಹೆಸರಿನಲ್ಲಿ ಹಣ್ಣಿದೆ, ಒಳಗೆ ಹಣ್ಣಿಲ್ಲ. ಹಣ್ಣುಗಳಲ್ಲಿ ಸಿಗುವ ಹುಳಿಯಿಂದ ಆದ ಉಪ್ಪು ಎಂಬರ್ಥದಲ್ಲಿ ಫ್ರೂಟ್ ಸಾಲ್ಟ್. ಆ ಹೆಸರಿನ ಜಾಣತನ ವಿಕ್ಟೋರಿಯಾ ರಾಣಿಯ ಕಾಲದ್ದು. ಜೇಮ್ಸ್ ಕ್ರಾಸ್ಲಿ ಈನೋ ಇಂಗ್ಲೆಂಡಿನ ನ್ಯೂಕ್ಯಾಸಲ್ ಬಂದರಿನಲ್ಲಿ ಔಷಧಿ ಅಂಗಡಿ ಇಟ್ಟಿದ್ದವರು. ನಾವಿಕರ ಕೈಯಲ್ಲಿ ಈ ಪುಡಿ ಊರೂರು ಸುತ್ತಿತು, ಬೇಡಿಕೆ ಬೆಳೆದು 1870ರ ದಶಕದಲ್ಲಿ ಕಾರ್ಖಾನೆ ಲಂಡನ್ನಿಗೆ ಹೋಯಿತು. ಆಗಿನ ಜಾಹೀರಾತುಗಳನ್ನು ಓದಿದರೆ ಎದೆಯುರಿ ಅದರ ತೀರಾ ಸಣ್ಣ ಕೆಲಸ. ರಕ್ತಶುದ್ಧಿ, ಜ್ವರ ತಡೆ, ಪಿತ್ತ, ತಲೆನೋವು, ಮೊಡವೆ ಎಲ್ಲಕ್ಕೂ ಇದೇ. ಮನೆಯಲ್ಲಿ ಇದಿಲ್ಲದಿದ್ದರೆ ಜೀವಕ್ಕೇ ಅಪಾಯ ಅನ್ನುವ ಧಾಟಿ.

ಆ ಕಾಲದ ಸರ್ವರೋಗ ನಿವಾರಕಗಳ ಸಾಲಿನಲ್ಲಿ ನಿಲ್ಲಿಸಿದರೆ ಈನೋ ಬಹಳ ಸಾಧು. ಪಕ್ಕದ ಕಪಾಟಿನಲ್ಲಿದ್ದ ಕಾಲಿಸ್ ಬ್ರೌನ್ ಅವರ ಕ್ಲೋರೊಡೈನ್‌ನಲ್ಲಿ ಅಫೀಮಿನ ಸತ್ವ, ಗಾಂಜಾ, ಕ್ಲೋರೊಫಾರ್ಮ್ ಇತ್ತು. ಬ್ರೌನ್ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯ ವೈದ್ಯರು, ಕಾಲರಾಗೆಂದು ಅದನ್ನು ಕಟ್ಟಿದ್ದು. ಭೇದಿ ನಿಲ್ಲುತ್ತಿತ್ತು, ಚಟವೂ ಹತ್ತುತ್ತಿತ್ತು. ಅಮೆರಿಕದ ಮಿಸೆಸ್ ವಿನ್ಸ್ಲೋ ಸಿರಪ್ಪಿನಲ್ಲಿ ಮಾರ್ಫೀನ್ ಇತ್ತು, ಹಲ್ಲು ಬರುವಾಗ ಅಳುವ ಕೂಸುಗಳಿಗೆ ಕುಡಿಸುತ್ತಿದ್ದರು, ಕೆಲವು ಕೂಸು ಮತ್ತೆ ಏಳಲಿಲ್ಲ. ಪೇಟೆಂಟ್ ಔಷಧಿ ಎಂದು ಕರೆಯುತ್ತಿದ್ದರೂ ಬಹುಪಾಲಿಗೆ ಪೇಟೆಂಟೇ ಇರಲಿಲ್ಲ. ಪೇಟೆಂಟ್ ಬೇಕಾದರೆ ಒಳಗೇನಿದೆ ಎಂದು ಹೇಳಬೇಕಲ್ಲ. ಹೆಸರಿನ ಹಕ್ಕು ಮಾತ್ರ ಕಾಪಾಡಿಕೊಂಡು ಒಳಗಿನದನ್ನು ಗುಟ್ಟಾಗಿಡುತ್ತಿದ್ದರು. ಬೀಚಮ್ ಎಂಬ ಭೇದಿ ಮಾತ್ರೆಯ ಪೆಟ್ಟಿಗೆಗೆ 1 ಶಿಲ್ಲಿಂಗ್ 1½ ಪೆನ್ಸ್, ಅದರಲ್ಲಿ ಆ ಒಂದೂವರೆ ಪೆನ್ಸ್ ಸರ್ಕಾರದ ಔಷಧಿ ಸುಂಕ. ಪೆಟ್ಟಿಗೆಗೆ ಅಂಟಿಸಿದ ಸುಂಕದ ಚೀಟಿ ನೋಡಿ ಇದು ಸರ್ಕಾರವೇ ಒಪ್ಪಿದ ಔಷಧಿ ಎಂದು ಜನ ತಿಳಿಯುತ್ತಿದ್ದರು. 1909ರಲ್ಲಿ ಬ್ರಿಟಿಷ್ ವೈದ್ಯಕೀಯ ಸಂಘ ಮಾತ್ರೆ ಒಡೆದು ಪರೀಕ್ಷಿಸಿದಾಗ ಸಿಕ್ಕಿದ್ದು ಲೋಳೆಸರದ ಒಣಗಿದ ರಸ, ಶುಂಠಿ, ಸಾಬೂನು. 56 ಮಾತ್ರೆಗಳ ಸಾಮಾನಿಗೆ ಖರ್ಚು ಅರ್ಧ ಫಾರ್ದಿಂಗ್, ಅಂದರೆ ಒಂದು ಪೆನ್ನಿಯ ಎಂಟನೇ ಒಂದು ಪಾಲು. ಡಬ್ಬಿಯ ಮೇಲೆ ಒಳಗಿನದನ್ನು ಬರೆಯಲೇಬೇಕೆಂಬ ಕಾನೂನು ಅಲ್ಲಿ ಬರಲು 1941 ಆಯಿತು. ಅಷ್ಟರಲ್ಲಿ, 1938ರಲ್ಲಿ, ಈನೋವನ್ನು ಕೊಂಡವರೂ ಬೀಚಮ್‌ನವರೇ. ಮಾತ್ರೆ 1998ರಲ್ಲಿ ನಿಂತುಹೋಯಿತು. ನೊರೆ ಉಳಿಯಿತು.

ಉಳಿದದ್ದೇಕೆ ಎಂದು ಕೇಳಿದರೆ, ಈ ಔಷಧಿಗಳೆಲ್ಲ ಮೈಗೆ ಗೊತ್ತಾಗುವ ಒಂದು ಗುರುತು ಕೊಡುತ್ತಿದ್ದವು. ಬೀಚಮ್ ನುಂಗಿದವರು ಬೆಳಿಗ್ಗೆ ಓಡಬೇಕು. ಕ್ಲೋರೊಡೈನ್ ಕುಡಿದವರಿಗೆ ಕಣ್ಣೆಳೆಯಬೇಕು. ಈನೋ ಕುಡಿದರೆ ತೇಗು. ಗುರುತು ಸಿಕ್ಕಿತೆಂದರೆ ರೋಗ ಹೋಯಿತೆಂದೇ ಲೆಕ್ಕ. ಹುಳಿತೇಗಿನ ವಿಷಯದಲ್ಲಿ ಈ ತಪ್ಪಿನಿಂದ ನಷ್ಟವೇನಿಲ್ಲ. ಎದೆ ಬಿಗಿತಕ್ಕೆ ಇದನ್ನೇ ಕುಡಿಸುವ ಅಭ್ಯಾಸ ಇದೆಯಲ್ಲ, ಅದು ಮಾತ್ರ ಪ್ರಾಣಕ್ಕೆ ಕುತ್ತು. ಎದೆಯ ನಡುವೆ ಭಾರ, ಎಡತೋಳಿಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಮೆಟ್ಟಿಲು ಹತ್ತುವಾಗ ಹೆಚ್ಚುವ ಸಂಕಟ ಇದ್ದರೆ ‘ಗ್ಯಾಸ್ ಇರಬೇಕು, ಒಂದು ಈನೋ ಹಾಕಿ ನೋಡೋಣ’ ಎಂದು ಕಾಯಬೇಡಿ. ಹೃದಯಾಘಾತವಾಗುತ್ತಿರುವವರಿಗೂ ತೇಗು ಬರುತ್ತದೆ, ತೇಗು ಬಂದದ್ದಕ್ಕೆ ಸ್ವಲ್ಪ ಹಗುರ ಅನಿಸುತ್ತದೆ. ಇಸಿಜಿ ಮಾಡಿಸಬೇಕಾದ ಅರ್ಧ ಗಂಟೆ ಹಾಗೇ ಕಳೆದುಹೋಗುತ್ತದೆ.

ಇನ್ನು ಉಪ್ಪು. ಹೊಗಳಿಕೆ ಇಲ್ಲಿಗೆ ಮುಗಿಯಿತು. ಮೇಲಿನ ಅಳತೆಯ ಒಂದು ಪೊಟ್ಟಣದಲ್ಲಿ ಸುಮಾರು 850 ಮಿ.ಗ್ರಾಂ ಸೋಡಿಯಂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬರಿಗೆ ದಿನವಿಡೀ ಸೇರಿ 2000 ಮಿ.ಗ್ರಾಂ ಒಳಗಿರಲಿ ಅನ್ನುತ್ತದೆ. ಒಂದು ಲೋಟದಲ್ಲೇ ಐದರಲ್ಲಿ ಎರಡು ಪಾಲು ಮುಗಿಯಿತು. ಸಾರು, ಉಪ್ಪಿನಕಾಯಿ, ಹಪ್ಪಳದ ಲೆಕ್ಕ ಇನ್ನೂ ಶುರುವೇ ಆಗಿಲ್ಲ. ನಾಲಿಗೆಗೆ ಉಪ್ಪೆನಿಸುವುದಿಲ್ಲ, ನಿಂಬೆ ಶರಬತ್ತಿನಂತಿರುತ್ತದೆ, ಎಚ್ಚರ ತಪ್ಪುವುದು ಅದಕ್ಕೇ. ಬಿಪಿ ಮಾತ್ರೆ ನುಂಗಿ ಅದರ ಹಿಂದೆಯೇ ದಿನಾ ರಾತ್ರಿ ಈನೋ ಕುಡಿಯುವುದು ಒಂದು ಕೈಯಿಂದ ನೀರು ಮೊಗೆದು ಇನ್ನೊಂದು ಕೈಯಿಂದ ಸುರಿದಂತೆ. ಬಿಪಿ, ಹೃದಯದ ತೊಂದರೆ, ಕಿಡ್ನಿ ಕಾಯಿಲೆ, ಕಾಲು ಊತ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಮಕ್ಕಳಿಗಂತೂ ಬೇಡ. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರ ಇರಲಿ, ಹೊಟ್ಟೆಯ ಹುಳಿ ಬದಲಾದರೆ ಕೆಲವು ಔಷಧಿ ಸರಿಯಾಗಿ ಮೈಗೆ ಹತ್ತುವುದಿಲ್ಲ.

ಪರಿಣಾಮವೂ ಗಿಡ್ಡ. ದ್ರವವಾಗಿ ಹೋಗಿದ್ದು ದ್ರವವಾಗಿಯೇ ಬೇಗ ಕೆಳಗಿಳಿಯುತ್ತದೆ, ಜಠರ ಮತ್ತೆ ಹುಳಿ ಸುರಿಸುತ್ತದೆ. ರಾತ್ರಿ ಹತ್ತಕ್ಕೆ ಕುಡಿದು ಮಲಗಿದವರನ್ನು ಎರಡು ಗಂಟೆಗೆ ಎದೆಯುರಿ ಎಬ್ಬಿಸುವುದು ಇದರಿಂದಲೇ. ಅಲ್ಯೂಮಿನಿಯಂ, ಮೆಗ್ನೀಸಿಯಂ ಇರುವ ಗಟ್ಟಿ ಸಿರಪ್ಪುಗಳು ನಿಧಾನವಾದರೂ ಇದಕ್ಕಿಂತ ತಾಳುತ್ತವೆ, ಸೋಡಿಯಂ ಕೂಡ ಬಲು ಕಡಿಮೆ. ಈನೋ ಅಪರೂಪದ ಭಾರೀ ಊಟಕ್ಕೆ ಸರಿ. ವಾರಕ್ಕೆ ಮೂರು ಸಲ ಬೇಕೆನಿಸಿದರೆ ತೊಂದರೆ ಬೇರೆಯೇ ಇದೆ. ಎರಡು ವಾರಕ್ಕೂ ಮೀರಿ ಎಳೆದರೆ ಎಂಡೋಸ್ಕೋಪಿ ಬೇಕೇ ಎಂದು ಡಾಕ್ಟರನ್ನು ಕೇಳುವುದು ಒಳ್ಳೆಯದು.

ಹೊಟ್ಟೆಗಿಂತ ಇದು ಒಲೆಯ ಹತ್ತಿರ ಹೆಚ್ಚು ಪ್ರಾಮಾಣಿಕ. ಎರಡನೇ ಮಹಾಯುದ್ಧದ ಅಕ್ಕಿ ಬರದಲ್ಲಿ ಬೆಂಗಳೂರಿನ ಎಂ.ಟಿ.ಆರ್.ನಲ್ಲಿ ಹುಟ್ಟಿತೆನ್ನುವ ರವೆ ಇಡ್ಲಿಗೆ ಅವಸರದ ದಿನ ಇದಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲ. ಹುರಿದ ರವೆ ಒಂದೂವರೆ ಲೋಟ, ಮೊಸರು ಹಾಕಿ 20 ನಿಮಿಷ ನೆನೆಸಿ. ಇಡ್ಲಿ ಪಾತ್ರೆಯಲ್ಲಿ ನೀರು ಕುದಿದು ಹಬೆ ಏಳಬೇಕು, ತಟ್ಟೆಗೆ ಎಣ್ಣೆ ಸವರಿರಬೇಕು. ಆಗ ಮಾತ್ರ 5 ಗ್ರಾಂನ ಒಂದು ಪೊಟ್ಟಣ ಉದುರಿಸಿ, ಮೇಲೆ ಎರಡು ಚಮಚ ನೀರು, ಒಂದೇ ದಿಕ್ಕಿಗೆ ನಾಲ್ಕೈದು ಸುತ್ತು, ತಕ್ಷಣ ತಟ್ಟೆಗೆ. ಹಿಟ್ಟು ಕಲಸಿಟ್ಟು ಒಗ್ಗರಣೆಗೆ ಹೋದಿರೋ, ಗಾಳಿ ಪೂರ್ತಿ ಹೋಗಿ ಇಡ್ಲಿ ಬಿಲ್ಲೆಯಾಗುತ್ತದೆ. ಢೋಕ್ಲಾದಲ್ಲಿ ಕೆಂಪು ಚುಕ್ಕಿ ಬಂದರೆ ಪುಡಿ ಗಂಟಾಗಿ ಉಳಿದು ಅಲ್ಲಲ್ಲಿ ಕ್ಷಾರ ಹೆಚ್ಚಾಯಿತೆಂದು ತಿಳಿಯಿರಿ: ಅರಿಸಿನ ಕ್ಷಾರಕ್ಕೆ ಕೆಂಪಾಗುತ್ತದೆ, ಕುಂಕುಮ ಮಾಡುವ ಗುಟ್ಟೇ ಅದು. ಮೊಸರು ಚೆನ್ನಾಗಿ ಹುಳಿ ಬಂದಿದ್ದರೆ ಈನೋ ದಂಡ, ಚಿಟಿಕೆ ಅಡುಗೆ ಸೋಡಾ ಸಾಕು. ಕಿತ್ತಳೆ ರುಚಿಯದು ಅಡುಗೆಗೆ ಬೇಡ. 14 ಇಡ್ಲಿಗೆ ಹಂಚಿದರೆ ಒಂದೊಂದಕ್ಕೂ 60 ಮಿ.ಗ್ರಾಂ ಸೋಡಿಯಂ, ಹಾಗಾಗಿ ಹಿಟ್ಟಿಗೆ ಉಪ್ಪು ಕೈ ಹಿಡಿದು ಹಾಕಿ.

ಬಾಟಲಿಯೋ ಪೊಟ್ಟಣವೋ? ಬಯಲುಸೀಮೆಯ ಒಣ ಹವೆಯಲ್ಲಿ ಬಾಟಲಿ ನಡೆಯುತ್ತದೆ. ಕರಾವಳಿ, ಮಲೆನಾಡಿನ ಮಳೆಗಾಲಕ್ಕೆ ಪೊಟ್ಟಣವೇ ಸರಿ. ಒದ್ದೆ ಚಮಚದ ಒಂದು ಹನಿ ಒಳಗೆ ಬಿದ್ದರೆ ಸಾಕು. ಅಲ್ಲಿ ಹುಳಿ ಮತ್ತು ಸೋಡಾ ಸೇರಿದಾಗ ಗಾಳಿಯ ಜೊತೆ ಹೊಸ ನೀರೂ ಹುಟ್ಟುತ್ತದೆ, ಆ ನೀರು ಪಕ್ಕದ ಪುಡಿಯನ್ನು ನೆನೆಸುತ್ತದೆ, ಅದು ಇನ್ನಷ್ಟು ನೀರು ಹುಟ್ಟಿಸುತ್ತದೆ. ಕಿಡಿ ಬಿದ್ದ ಹುಲ್ಲಿನ ಬಣವೆ ಇದ್ದಂತೆ. ನೀರಿಲ್ಲದ ಸೋಡಿಯಂ ಕಾರ್ಬನೇಟ್ ಸಣ್ಣಪುಟ್ಟ ತೇವ ಹೀರಿ ಇದನ್ನು ತಡೆಯುತ್ತದೆ, ಹನಿಯನ್ನಲ್ಲ. ಕಲ್ಲಾದ ಪುಡಿಯನ್ನು ಕುಟ್ಟಿ ಬಳಸಿ ಪ್ರಯೋಜನವಿಲ್ಲ. ಅನುಮಾನವಿದ್ದರೆ ಕಾಲು ಚಮಚ ಪುಡಿಯನ್ನು ನೀರಿಗೆ ಹಾಕಿ ನೋಡಿ, ಮಂಕಾಗಿ ಗುಳುಗುಳು ಅಂದರೆ ಚೆಲ್ಲಿ.

ಕೊಳ್ಳುವಾಗ ಪೊಟ್ಟಣವನ್ನು ಬೆರಳಲ್ಲಿ ಒತ್ತಿ ನೋಡಿ. ಪುಡಿ ಮರಳಿನಂತೆ ಸರಿಯಬೇಕು. ಒಳಗೆ ಗಂಟು ಸಿಕ್ಕರೆ, ಅಥವಾ ಪೊಟ್ಟಣ ಬಲೂನಿನಂತೆ ಉಬ್ಬಿದ್ದರೆ ತೇವ ಸೇರಿದೆ. ಅಚ್ಚು ಮಸುಕಾಗಿದ್ದರೆ, ಬ್ಯಾಚ್ ನಂಬರು, ತಾರೀಖು ಇಲ್ಲದಿದ್ದರೆ ಅಂಗಡಿಯವರಿಗೇ ವಾಪಸು ಕೊಡಿ. ಬಾಟಲಿಯ ಮುಚ್ಚಳದ ಲೋಹದ ಹೊದಿಕೆಯ ಮೇಲೆ ‘ಈನೋಸ್ ಫ್ರೂಟ್ ಸಾಲ್ಟ್’ ಎಂದು ಇದೆಯೇ ನೋಡಿ, ಇಲ್ಲದಿದ್ದರೆ ನಕಲಿ ಎಂದು ವಿಕ್ಟೋರಿಯಾ ಕಾಲದ ಜಾಹೀರಾತು ಹೇಳುತ್ತಿತ್ತು. ಅದರಲ್ಲಿದ್ದ ಅಷ್ಟೊಂದು ಮಾತುಗಳ ನಡುವೆ, ಕೊಳ್ಳುವ ಮೊದಲು ನೋಡಿಕೊಳ್ಳಿ ಎಂಬ ಇದೊಂದನ್ನು ಮಾತ್ರ ಇವತ್ತಿಗೂ ಪಾಲಿಸಬಹುದು.